ತಂಗಿ 49 ಕೆಜಿಗೆ ಇಳೀಬೇಕಾ, 53ರಲ್ಲೇ ಗೆಳತಿ ಎದುರು ಆಡಬೇಕಾ?

ಹಳಿಯಾಳದ ಅಕ್ಕ:

ಎಲ್ಲರಿಗೂ ನಮಸ್ಕಾರ. ಕುಸ್ತಿ ಗೊತ್ತಿರುವವರು ದಯವಿಟ್ಟು ಪೂರ್ತಿ ಓದಿ ಹೇಳಿ. ಮನೆಯಲ್ಲಿ ಇದೇ ವಿಷಯಕ್ಕೆ ದಿನಾ ವಾದ ಆಗುತ್ತಿದೆ.

ನನ್ನ ತಂಗಿಗೆ 16 ತುಂಬಿದೆ. ಹಳಿಯಾಳದಲ್ಲಿ ಕುಸ್ತಿ ಕಲಿಯುತ್ತಿದ್ದಾಳೆ. ಅವಳ ಜೊತೆ ಕಲಿಯುವ ಹುಡುಗಿಯರು ಕಡಿಮೆ, ಅದಕ್ಕೇ ಏನೋ ಒಬ್ಬರನ್ನೊಬ್ಬರು ಬಿಟ್ಟಿರಲ್ಲ. ಕತ್ತಲಿರುವಾಗಲೇ ಎದ್ದು ಒಟ್ಟಿಗೆ ಓಡುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ಒಬ್ಬಳ ಕಿವಿ ಊದಿಕೊಂಡರೆ ಇನ್ನೊಬ್ಬಳು ಐಸ್ ಹಿಡಿದು ಪಕ್ಕದಲ್ಲಿ ಕೂರುತ್ತಾಳೆ. ಅದರಲ್ಲೂ ಒಬ್ಬ ಹುಡುಗಿ ಇದ್ದಾಳೆ, ಶುರುವಿನಿಂದ ಇವಳ ಪ್ರ್ಯಾಕ್ಟೀಸ್ ಜೋಡಿ. ಮ್ಯಾಟ್ ಮೇಲೆ ಕ್ಲಿಪ್ಪು ಪಿನ್ನು ಯಾವುದೂ ನಡೆಯಲ್ಲ ಅಲ್ವಾ, ನೆತ್ತಿಯಿಂದಲೇ ಬಿಗಿಯಾಗಿ ಹೆಣೆದು ಕಟ್ಟಬೇಕು. ಇವಳ ಜಡೆ ಅವಳು ಹಾಕುತ್ತಾಳೆ, ಅವಳದ್ದು ಇವಳು. ಅಮ್ಮ ಹಾಕಿದರೆ ಸಡಿಲ ಅಂತೆ.

ಹೋದ ವರ್ಷ ತಂಗಿ 49 ಕೆಜಿ, ಗೆಳತಿ 53. ಯಾವ ತೊಂದರೆಯೂ ಇರಲಿಲ್ಲ. ಈ ವರ್ಷ ತಂಗಿ ಗಿಡ ಎದ್ದ ಹಾಗೆ ಎದ್ದುಬಿಟ್ಟಳು. ಈಗ ಐವತ್ತೆರಡೂವರೆ ಕೆಜಿ. 17ರ ಒಳಗಿನ ಹುಡುಗಿಯರಿಗೆ 49 ಆದಮೇಲೆ ನೇರ 53, ನಡುವೆ ಏನೂ ಇಲ್ಲ. ಒಂದು ತೂಕಕ್ಕೆ ಒಬ್ಬಳನ್ನೇ ಆರಿಸುತ್ತಾರೆ. ಅಂದರೆ ಮುಂದಿನ ತಿಂಗಳ ಟ್ರಯಲ್ಸ್‌ನಲ್ಲಿ ಇಬ್ಬರೂ ಎದುರು ಬದುರು.

ತಂಗಿ ಯಾರಿಗೂ ಹೇಳದೆ ತಾನೇ ತೀರ್ಮಾನ ಮಾಡಿದ್ದಾಳೆ, 49ಕ್ಕೆ ಇಳಿಯುತ್ತೇನೆ ಅಂತ. ರಾತ್ರಿ ರೊಟ್ಟಿ ಬಿಟ್ಟಳು. ಮಧ್ಯಾಹ್ನದ ಬಿಸಿಲಲ್ಲಿ ಎರಡು ಜಾಕೆಟ್ ಹಾಕಿಕೊಂಡು ಓಡುತ್ತಾಳೆ. ಎರಡು ತಿಂಗಳಿಂದ ಮುಟ್ಟು ನಿಂತಿದೆ ಅಂತ ಮೊನ್ನೆ ಅಮ್ಮನಿಗೆ ಗೊತ್ತಾಯಿತು, ಅಲ್ಲಿಂದ ಅಮ್ಮ ಕುಸ್ತಿಯೇ ಬೇಡ ಅನ್ನುತ್ತಿದ್ದಾರೆ. ಕೋಚ್ ಕೇಳಿದರೆ "ಅವಳಿಷ್ಟ" ಅಂದರು. ನಾನು ಬೆಂಗಳೂರಲ್ಲಿ ಕೂತು ಫೋನಲ್ಲಿ ಏನು ಹೇಳಲಿ? ಕುಸ್ತಿ ಬಿಡಿಸೋದು ನನಗೆ ಇಷ್ಟ ಇಲ್ಲ. ಆ ಹುಡುಗಿ ಮ್ಯಾಟ್ ಮೇಲೆ ನಿಂತಾಗ ಹೇಗಿರುತ್ತಾಳೆ ಅಂತ ನೋಡಿದವರಿಗೆ ಬಿಡಿಸೋಕೆ ಮನಸ್ಸು ಬರಲ್ಲ.

ದಾವಣಗೆರೆ ಮಟ್ಟಿ:

ತಂಗೀ, ನೇರವಾಗಿ ಹೇಳುತ್ತೇನೆ. ಇಳಿಸಬೇಡಿ. ನಾನು ಗರಡಿಯಲ್ಲಿ ಮಣ್ಣಿನ ಮೇಲೆ ಶುರು ಮಾಡಿ ಆಮೇಲೆ ಮ್ಯಾಟ್‌ಗೆ ಬಂದವನು, ತೂಕ ಇಳಿಸೋದು ಅಂದರೆ ಏನು ಅಂತ ಒಳಗಿಂದ ನೋಡಿದ್ದೇನೆ.

ಐವತ್ತೆರಡೂವರೆಯಿಂದ 49 ಅಂದರೆ ಮೂರೂವರೆ ಕೆಜಿ. ಮೈತೂಕದ ನೂರಕ್ಕೆ ಆರೇಳು ಪಾಲು ಆಯಿತು. ದಿನಾ ಎರಡು ಹೊತ್ತು ಬೆವರು ಹರಿಸುವ 16ರ ಹುಡುಗಿಯ ಮೈಯಲ್ಲಿ ತೆಗೆದು ಬಿಸಾಕೋ ಅಷ್ಟು ಕೊಬ್ಬು ಎಲ್ಲಿರುತ್ತೆ? ಹಾಗಾದರೆ ಹೋಗೋದು ಸ್ನಾಯು, ಮತ್ತೆ ನೀರು. ಜಾಕೆಟ್ ಹಾಕಿ ಓಡಿದಾಗ ತಕ್ಕಡಿಯಲ್ಲಿ ಕಡಿಮೆ ಕಾಣೋದು ಪೂರ್ತಿ ನೀರೇ. ನೀರು ಹೋದರೆ ಮೈಯಲ್ಲಿ ಹರಿಯೋ ರಕ್ತದ ಪ್ರಮಾಣ ಕಡಿಮೆ ಆಗುತ್ತೆ, ಹೃದಯ ಅದೇ ಕೆಲಸಕ್ಕೆ ಜಾಸ್ತಿ ಹೊಡೆದುಕೊಳ್ಳಬೇಕು, ಬೆವರಿ ತಣ್ಣಗಾಗೋ ಶಕ್ತಿಯೂ ಹೋಗುತ್ತೆ. ಈಗ ತೂಕ ಹಾಕೋದು ಆಟದ ದಿನ ಬೆಳಗ್ಗೆಯೇ. ಕುಡಿದು ತಿಂದು ಸುಧಾರಿಸಿಕೊಳ್ಳೋಕೆ ಹೊತ್ತೇ ಇರಲ್ಲ. ಅವಳ ವಯಸ್ಸಿನವರಿಗೆ ಎರಡೆರಡು ನಿಮಿಷದ ಎರಡು ಸುತ್ತು, ನಡುವೆ ಮೂವತ್ತು ಸೆಕೆಂಡ್ ಬಿಡುವು. ಎರಡನೇ ಸುತ್ತಿನಲ್ಲಿ ಕಾಲು ಬಿದ್ದುಹೋಗುತ್ತವೆ, ಎದುರಾಳಿ ಒಂದೇ ಕಾಲು ಹಿಡಿದು ಕೆಡವೋ ಸಿಂಗಲ್ ಲೆಗ್‌ಗೆ ಬಂದರೆ ಕಾಲು ಹಿಂದಕ್ಕೆ ಎಳೆದುಕೊಳ್ಳೋಕೂ ಆಗಲ್ಲ. ತನಗಿಂತ ಚಿಕ್ಕವಳ ಕೈಲಿ ಸೋತು ಬರುತ್ತಾಳೆ.

ವಿನೇಶ್ ಫೋಗಟ್ ಕಥೆ ಗೊತ್ತಲ್ಲ. ಜನ ಆ 100 ಗ್ರಾಂ ಮಾತ್ರ ನೆನಪಿಟ್ಟುಕೊಂಡಿದ್ದಾರೆ, ಅದಕ್ಕೆ ಮೊದಲು ಏನಾಯಿತು ಅನ್ನೋದು ಮರೆತಿದ್ದಾರೆ. ವಿನೇಶ್ 53 ಕೆಜಿಯಲ್ಲಿ ಆಡುತ್ತಿದ್ದವರು. 53ರಲ್ಲಿ ಭಾರತಕ್ಕೆ ಒಲಿಂಪಿಕ್ಸ್ ಜಾಗ ತಂದುಕೊಟ್ಟಿದ್ದು ಅಂತಿಮ್ ಪಂಘಲ್ ಅನ್ನೋ ಇನ್ನೊಬ್ಬ ಕುಸ್ತಿಪಟು. ಹಾಗಾಗಿ ಮಂಡಿ ಆಪರೇಷನ್ ಆಗಿ ವಾಪಸ್ ಬಂದ ವಿನೇಶ್ 50ಕ್ಕೆ ಇಳಿದರು. 2024ರ ಆಗಸ್ಟ್ 6ಕ್ಕೆ ಪ್ಯಾರಿಸ್‌ನಲ್ಲಿ ಒಂದೇ ದಿನ ಮೂವರನ್ನು ಸೋಲಿಸಿದರು, ಅದರಲ್ಲಿ ಒಬ್ಬರು ಜಪಾನಿನ ಯೂಯಿ ಸುಸಾಕಿ, ಟೋಕಿಯೋ ಚಿನ್ನದವರು. ರಾತ್ರಿಯೆಲ್ಲ ನಿದ್ದೆ ಇಲ್ಲದೆ ಬೆವರು ಇಳಿಸಿ, ಕೂದಲನ್ನೂ ಕತ್ತರಿಸಿಕೊಂಡು, ಮರುದಿನ ಬೆಳಗ್ಗೆ 100 ಗ್ರಾಂ ಜಾಸ್ತಿ. ಫೈನಲ್ ಹೋಯಿತು, ಪದಕವೂ ಹೋಯಿತು. ಸುತ್ತ ಡಾಕ್ಟರು, ಆಹಾರ ತಜ್ಞರು ಎಲ್ಲ ಇದ್ದರೂ ಹಾಗಾಯಿತು. ಹಳಿಯಾಳದಲ್ಲಿ ಎರಡು ಜಾಕೆಟ್ ಹಾಕಿಕೊಂಡು ಓಡೋ ಹುಡುಗಿಗೆ ಯಾರಿದ್ದಾರೆ?

ಇನ್ನೊಂದು ಹೇಳಬೇಕೋ ಬೇಡವೋ ಅಂತ ಯೋಚಿಸಿದೆ, ಹೇಳಿಬಿಡುತ್ತೇನೆ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಹುಡುಗರು ಹೀಗೇ ತೂಕ ಇಳಿಸಲು ಹೋಗಿ ಸತ್ತರು. ಬೆವರಿಳಿಸೋ ಸೂಟ್ ಹಾಕಿಕೊಂಡು ಬಿಸಿ ಕೋಣೆಯಲ್ಲಿ ಸೈಕಲ್ ತುಳಿದವರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಆ ಸೂಟು, ಸೌನಾ ಅನ್ನೋ ಬಿಸಿ ಕೋಣೆ ಎಲ್ಲ ನಿಷೇಧ ಮಾಡಿದರು. ಆ ಎರಡು ಜಾಕೆಟ್ ಇವತ್ತೇ ಕಿತ್ತುಕೊಳ್ಳಿ.

ಮಲ್ಲಸಜ್ಜು:

ಮಟ್ಟಿ ಅಣ್ಣ ಹೇಳಿದ ಅಪಾಯ ನಿಜ, ಒಪ್ಪುತ್ತೇನೆ. ಆದರೆ ಆ ಹುಡುಗಿಯ ಮನಸ್ಸನ್ನೂ ಸ್ವಲ್ಪ ನೋಡಬೇಕು. ತನ್ನವರಿಗೋಸ್ಕರ ತೂಕ ಬದಲಿಸೋದು ಹೆಡ್ಡತನ ಏನಲ್ಲ. ಜಪಾನಿನಲ್ಲಿ ರಿಸಾಕೋ ಕವಾಯಿ ಅಂತ ಇದ್ದಾರೆ. 2016ರ ರಿಯೋದಲ್ಲಿ 63 ಕೆಜಿಯಲ್ಲಿ ಚಿನ್ನ ಗೆದ್ದವರು. ಟೋಕಿಯೋಗೆ 62 ಕೆಜಿಯಲ್ಲಿ ಸ್ವಂತ ತಂಗಿ ಯುಕಾಕೋ ಆಡಲಿ ಅಂತ ತಾನು 57ಕ್ಕೆ ಇಳಿದರು. 2021ರಲ್ಲಿ ಅಕ್ಕ ತಂಗಿ ಇಬ್ಬರೂ ಚಿನ್ನ ತಂದರು. ಒಂದೇ ತಂಡದಲ್ಲಿ ಒಡಹುಟ್ಟಿದವರಂತೆ ಬೆಳೆದ ಹುಡುಗಿಯರಿಗೆ ಹಾಗೆ ಅನ್ನಿಸಿದರೆ ಅದರಲ್ಲಿ ಕೆಟ್ಟದ್ದೇನಿದೆ?

ದಾವಣಗೆರೆ ಮಟ್ಟಿ:

ಕೆಟ್ಟದ್ದು ಅಂತ ಅನ್ನಲಿಲ್ಲ ತಮ್ಮಾ. ಆದರೆ ಉದಾಹರಣೆ ಪೂರ್ತಿ ಹೇಳು. ಕವಾಯಿ ಬೆಳೆದು ನಿಂತ ಹೆಂಗಸು, ಆಗಲೇ ಒಲಿಂಪಿಕ್ ಚಾಂಪಿಯನ್. ತೂಕ ಬದಲಿಸೋಕೆ ಅವರಿಗೆ ವರ್ಷಗಳ ಸಮಯ ಇತ್ತು, ಒಂದು ತಿಂಗಳಲ್ಲ. ಮತ್ತೆ 57ರಲ್ಲಿ ಜಾಗ ಖಾಲಿ ಬಿದ್ದಿರಲಿಲ್ಲ. ಅಲ್ಲಿ ಕಾಯುತ್ತಿದ್ದವರು ಕಾವೊರಿ ಇಚೊ, ನಾಲ್ಕು ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ. 2019ರಲ್ಲಿ ಅವರನ್ನು ಮ್ಯಾಟ್ ಮೇಲೆ ಸೋಲಿಸಿಯೇ ಕವಾಯಿ ಮುಂದೆ ಹೋದದ್ದು. ಈ ಹುಡುಗಿ ತನ್ನ ಗೆಳತಿಯ ಎದುರು ನಿಲ್ಲೋದು ಬೇಡ ಅಂತ ಇಳಿಯುತ್ತಿದ್ದಾಳೆ. ಎರಡೂ ಒಂದೇ ಅಲ್ಲ.

ಪಿ.ಇ. ಟೀಚರ್ ಗದಗ:

ಅಕ್ಕಾ, ಮೊದಲು ಮುಟ್ಟಿನ ವಿಷಯ. ಇದನ್ನು ಗಂಡಸರು ಯಾರೂ ಎತ್ತಲಿಲ್ಲ. ತಿನ್ನೋದು ಕಡಿಮೆ, ಶಕ್ತಿ ಖರ್ಚು ಮಾಡೋದು ಜಾಸ್ತಿ ಆದಾಗ ಮೈ ಮೊದಲು ನಿಲ್ಲಿಸೋದೇ ಅದನ್ನ. ಮುಟ್ಟು ನಿಂತರೆ ಮೂಳೆಯೂ ಬಲ ಕಳೆದುಕೊಳ್ಳುತ್ತೆ, ಸಣ್ಣ ಸಣ್ಣ ಬಿರುಕು ಬಿಡುತ್ತೆ. ಮೂಳೆ ಗಟ್ಟಿಯಾಗೋ ವಯಸ್ಸೇ ಇದು, ಈಗ ಕಳೆದುಕೊಂಡದ್ದು ಆಮೇಲೆ ಪೂರ್ತಿ ವಾಪಸ್ ಬರೋದು ಕಷ್ಟ. ದಯವಿಟ್ಟು ಈ ವಾರವೇ ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗೋಕೆ ಹೇಳಿ, ಕುಸ್ತಿ ಆಡೋ ಹುಡುಗಿ, ಊಟ ಬಿಟ್ಟಿದ್ದಾಳೆ ಅಂತ ಬಿಡಿಸಿ ಹೇಳಲಿ. ಡಾಕ್ಟರ್ ಏನು ಹೇಳುತ್ತಾರೋ ಅದರ ಮೇಲೆ ಟ್ರಯಲ್ಸ್ ವಿಷಯ. ಅಮ್ಮ ಗಾಬರಿ ಆಗೋದು ಸರಿ ಇದೆ, ಆದರೆ ತೊಂದರೆ ಕುಸ್ತಿಯಿಂದ ಬಂದದ್ದಲ್ಲ, ಉಪವಾಸದಿಂದ. ಅದನ್ನು ಅಮ್ಮನಿಗೆ ನೀವೇ ಹೇಳಬೇಕು, ಬೇರೆಯವರು ಹೇಳಿದರೆ ಕೇಳಲ್ಲ.

ಇನ್ನು ಗೆಳತಿಯ ವಿಷಯ. ನನ್ನ ಹತ್ತಿರವೂ ಇಂಥ ಇಬ್ಬರು ಇದ್ದರು. ಒಂದೇ ಓಣಿ, ಒಂದೇ ಬೆಂಚು, ಒಂದೇ ತೂಕ. ಅವರಿಗೆ ನಾನು ಮಾಡಿದ್ದು ಇಷ್ಟೇ: ಟ್ರಯಲ್ಸ್‌ಗೆ ಮೊದಲಿನ ದಿನಗಳಲ್ಲಿ ಅವರಿಬ್ಬರ ಜೋಡಿ ಬಿಡಿಸಿ, ಇಬ್ಬರಿಗೂ ತೂಕಕ್ಕೆ ಸರಿಯಾದ ಬೇರೆ ಜೋಡಿ ಹಾಕಿಕೊಟ್ಟೆ. ಇಲ್ಲದಿದ್ದರೆ ಪ್ರ್ಯಾಕ್ಟೀಸ್‌ನಲ್ಲಿ ಒಬ್ಬಳಿಂದ ಇನ್ನೊಬ್ಬಳು ಪಟ್ಟು ಮುಚ್ಚಿಡೋಕೆ ಶುರು ಮಾಡುತ್ತಾಳೆ, ಮನಸ್ಸು ಕೆಡೋದು ಅಲ್ಲಿಂದ. ಆಟದ ದಿನ ಕೋಚ್ ಕೂರೋ ಮೂಲೆಯಲ್ಲಿ ನಾನು ಯಾರ ಪರವಾಗಿಯೂ ಕೂರಲಿಲ್ಲ, ದೂರ ಹೋಗಿ ನಿಂತೆ. ನಿಮ್ಮ ಕೋಚ್ "ಅವಳಿಷ್ಟ" ಅಂದು ಕೈ ತೊಳೆದುಕೊಳ್ಳೋ ಹಾಗಿಲ್ಲ. ಎರಡೂ ಅವರ ಮಕ್ಕಳೇ. ಕೂರಿಸಿಕೊಂಡು ಮಾತಾಡೋದು ಅವರ ಕೆಲಸ.

ನನ್ನ ಹುಡುಗಿಯರಲ್ಲಿ ಸೋತವಳು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬಂದು ಗೆದ್ದವಳ ಕೈಗೆ ಕ್ರೇಪ್ ಬ್ಯಾಂಡೇಜ್ ಸುತ್ತುತ್ತಿದ್ದಳು, ವಿಭಾಗ ಮಟ್ಟಕ್ಕೆ ತಯಾರು ಮಾಡೋಕೆ. ಅವಳಷ್ಟು ಗಟ್ಟಿ ಜೋಡಿ ಇನ್ನೆಲ್ಲೂ ಸಿಗಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಒಂದು ಮಾತು ಕೇಳಲಾ? ನಿಮ್ಮ ತಂಗಿ ಊಟ ಬಿಟ್ಟಿರೋದು ಆ ಗೆಳತಿಗೆ ಗೊತ್ತಾ? ಗೊತ್ತಿಲ್ಲದಿದ್ದರೆ ಮೊದಲು ಅವಳಿಗೆ ಹೇಳಿಸಿ. ನನಗೋಸ್ಕರ ಒಬ್ಬಳು ಉಪವಾಸ ಬಿದ್ದು ಜಾಗ ಬಿಟ್ಟುಕೊಟ್ಟಳು ಅಂತ ಆಮೇಲೆ ತಿಳಿದರೆ ಆ ಹುಡುಗಿ ಗೆದ್ದ ಪದಕವನ್ನು ಹೇಗೆ ಕೊರಳಿಗೆ ಹಾಕಿಕೊಳ್ಳುತ್ತಾಳೆ? ಮುಂದಿನ ವರ್ಷ ನಿಮ್ಮ ತಂಗಿ ಇನ್ನೂ ಎತ್ತರ ಆಗಿ 57ಕ್ಕೆ ಹೋದರೂ ಹೋದಳು, ಮೈ ತಾನೇ ದಾರಿ ಮಾಡಿಕೊಳ್ಳುತ್ತೆ. ಇನ್ನು ದಸರಾ ಕುಸ್ತಿ ಇದೆ, ಮೈಸೂರಿನಲ್ಲಿ ಹುಡುಗಿಯರಿಗೆ ದಸರಾ ಕಿಶೋರಿ ಅಂತ ಪಟ್ಟವೇ ಇದೆ. ಈ ಒಂದು ಟ್ರಯಲ್ಸ್‌ಗೆ ಎಲ್ಲ ಮುಗಿಯಲ್ಲ.

ಹಳಿಯಾಳದ ಅಕ್ಕ:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಟೀಚರ್, ನೀವು ಹೇಳಿದ ಹಾಗೆ ಅಮ್ಮನ ಜೊತೆ ಮಾತಾಡಿದೆ. ಡಾಕ್ಟರ್ ಹತ್ತಿರ ಹೋಗಿ ಬಂದರು, ರಕ್ತ ಕಡಿಮೆ ಇದೆ ಅಂದರಂತೆ, ಮಾತ್ರೆ ಕೊಟ್ಟಿದ್ದಾರೆ. ಹೊಟ್ಟೆ ತುಂಬಾ ಊಟ ಮಾಡಬೇಕು, ಸದ್ಯಕ್ಕೆ ಲಘುವಾಗಿ ಪ್ರ್ಯಾಕ್ಟೀಸ್ ಮಾಡಲಿ, ಟ್ರಯಲ್ಸ್‌ಗೆ ಮೊದಲು ಮತ್ತೆ ಬಂದು ತೋರಿಸಿ ಅಂದಿದ್ದಾರೆ. ರೊಟ್ಟಿ ವಾಪಸ್ ಶುರು ಆಯಿತು.

ಗೆಳತಿಗೆ ಗೊತ್ತಿರಲಿಲ್ಲ. ತಂಗಿಯೇ ಹೇಳಿದಳು. ಆ ಹುಡುಗಿ ಸಿಟ್ಟು ಮಾಡಿಕೊಂಡು ಒಂದು ಹೊತ್ತು ಪಕ್ಕದಲ್ಲಿ ಕೂರಲಿಲ್ಲವಂತೆ, "ನಾನು ಗೆಲ್ಲಲ್ಲ ಅಂದುಕೊಂಡೆಯಾ?" ಅಂದಳಂತೆ. ಈಗ ಇಬ್ಬರೂ 53ರಲ್ಲೇ ಆಡೋದು ಅಂತ ಆಗಿದೆ, ಡಾಕ್ಟರ್ ಸರಿ ಅಂದರೆ.

ತಂಗಿ ನಿಮ್ಮ ಮಾತೆಲ್ಲ ಫೋನಲ್ಲಿ ಓದಿದಳು. ಅವಳ ಒಂದು ಪ್ರಶ್ನೆ ಇದೆ, ಮಟ್ಟಿ ಅಣ್ಣನಿಗೇ ಕೇಳು ಅಂದಿದ್ದಾಳೆ. ಗೆಳತಿಯ ಎಡ ಮಂಡಿಗೆ ಹೋದ ವರ್ಷ ಪೆಟ್ಟಾಗಿತ್ತು, ಈಗ ವಾಸಿ ಆಗಿದೆ. ಆದರೂ ಎಡಗಾಲು ಹಿಡಿದರೆ ಇನ್ನೂ ಸ್ವಲ್ಪ ಹೆದರುತ್ತಾಳೆ, ಅದು ತಂಡದವರಿಗೆ ಮಾತ್ರ ಗೊತ್ತು. ಆ ಕಾಲಿಗೆ ಹೋಗಬಹುದಾ, ಅದು ಮೋಸ ಆಗುತ್ತಾ? ಇದನ್ನೇ ಯೋಚಿಸಿ ಯೋಚಿಸಿ ಅವಳು ಸಿಂಗಲ್ ಲೆಗ್ ಹೋಗೋದನ್ನೇ ನಿಲ್ಲಿಸಿದ್ದಾಳೆ.

ದಾವಣಗೆರೆ ಮಟ್ಟಿ:

ಒಳ್ಳೆ ಹುಡುಗಿ. ಇದನ್ನು ಕೇಳಿದಳಲ್ಲ, ಅದೇ ನನಗೆ ಖುಷಿ.

ಉತ್ತರ ಹೇಳುತ್ತೇನೆ, ಓದಿ ಹೇಳಿ ಅವಳಿಗೆ. ಗೆಳತಿ ಡಾಕ್ಟರ್ ಒಪ್ಪಿಗೆ ಪಡೆದು ಮ್ಯಾಟ್‌ಗೆ ಬಂದಿದ್ದಾಳೆ ಅಂದರೆ ಅವಳ ಎರಡು ಕಾಲೂ ಆಟದಲ್ಲಿ ಇವೆ. ಯಾವ ಕಾಲು ಮುಂದೆ ಇರುತ್ತೋ ಆ ಕಾಲಿಗೆ ಹೋಗಬೇಕು. ಎಡಗಾಲು ಮುಂದೆ ಬಂದಾಗ ಇವಳು ಸುಮ್ನೆ ನಿಂತರೆ ಅದು ಗೆಳತಿಗೆ ತಕ್ಷಣ ಗೊತ್ತಾಗುತ್ತೆ, ಅಷ್ಟು ವರ್ಷ ಒಟ್ಟಿಗೆ ಆಡಿದವಳು. ಇವಳು ನನ್ನ ಮೇಲೆ ಕನಿಕರ ತೋರಿಸುತ್ತಿದ್ದಾಳೆ ಅಂತ ಅಂದುಕೊಳ್ಳುತ್ತಾಳೆ. ಮಂಡಿ ನೋವಿಗಿಂತ ಅದು ಜಾಸ್ತಿ ನೋಯುತ್ತೆ.

ಆದರೆ ಹೋಗೋದು ಬೇರೆ, ತಿರುಚೋದು ಬೇರೆ. ಕಾಲು ಸಿಕ್ಕ ಮೇಲೆ ಎದೆಗೆ ಅವುಚಿಕೊಂಡು, ತಲೆ ಅವಳ ಪಕ್ಕೆಲುಬಿಗೆ ಒತ್ತಿ, ಮೇಲೆತ್ತಿ, ಭುಜದಿಂದ ತಳ್ಳಿ ಕೆಡವಲಿ. ಅದಕ್ಕೆ ಎರಡು ಪಾಯಿಂಟ್, ಅದು ಕುಸ್ತಿ. ಪಾದ ಹಿಡಿದು ಮಂಡಿಯನ್ನು ಪಕ್ಕಕ್ಕೆ ಮುರಿಯೋ ಹಾಗೆ ತಿರುಚೋದು ನಿಯಮಕ್ಕೂ ವಿರುದ್ಧ, ತಂಡದ ಹುಡುಗಿ ಇರಲಿ, ಗೊತ್ತಿಲ್ಲದ ಊರಿನವಳಿರಲಿ, ಯಾರಿಗೂ ಮಾಡಬಾರದು. ಗೆಳತಿಗೂ ಇದನ್ನೇ ಹೇಳಿ, ಎಡಗಾಲು ಮುಂದೆ ಇಟ್ಟು ನಿಲ್ಲೋದನ್ನು ಈಗಲೇ ಅಭ್ಯಾಸ ಮಾಡಲಿ, ಬೇರೆ ಜಿಲ್ಲೆಯವರು ಕನಿಕರ ನೋಡಲ್ಲ.

ಊಟ ಸರಿಯಾಗಿ ಮಾಡಲಿ. ತೂಕ ಹಾಕೋಕೆ ಹೋಗೋ ಮೊದಲು ಉಗುರು ಕತ್ತರಿಸಿಕೊಳ್ಳೋಕೆ ಹೇಳಿ, ಅಲ್ಲಿ ನೋಡುತ್ತಾರೆ. ಮೈ ಮೇಲೆ ಹುಳುಕಡ್ಡಿ ಗಿಳುಕಡ್ಡಿ ಎದ್ದಿದ್ದರೆ ಈಗಲೇ ತೋರಿಸಿ ಔಷಧಿ ಹಚ್ಚಲಿ, ಅದಕ್ಕೂ ಹೊರಗೆ ಹಾಕುತ್ತಾರೆ. ಟ್ರಯಲ್ಸ್ ಮುಗಿದ ಮೇಲೆ ಯಾರು ಗೆದ್ದರು ಅಂತ ಇಲ್ಲೇ ಬರೆಯಿರಿ.