‘ವೀಡಿಂಗ್’ಗೆ ‘ಬಿಡಿಸೋದು’ ಅನ್ನಬಹುದಾ? ಮನೆ ಕಟಿಂಗ್ ಮಷೀನಿನ ಕೆಲವು ಪದಗಳು

ಎಲ್ರಿಗೂ ನಮಸ್ಕಾರ. ವೀಡಿಂಗ್ ಅಂದ್ರೆ ಮಷೀನು ಕೊಯ್ದ ಸ್ಟಿಕ್ಕರಲ್ಲಿ ಬೇಡದ ಭಾಗ ಎಬ್ಬಿಸಿ ತೆಗೆಯೋದು, ಅದಕ್ಕೊಂದು ಕನ್ನಡ ಪದ ಹುಡುಕ್ತಿದೀನಿ. ಪತ್ರ ಸ್ವಲ್ಪ ಉದ್ದ ಆಗಿದೆ, ಪುರುಸೊತ್ತಾದಾಗ ಓದಿ.

ನಾನು ಸಾಗರದ ಕಡೆಯವಳು, ಈಗಿರೋದು ಮೈಸೂರಲ್ಲಿ. ಎರಡು ವರ್ಷದಿಂದ ಮನೇಲೊಂದು ಸಣ್ಣ ಕಟಿಂಗ್ ಮಷೀನ್ ಇದೆ, ನೋಡೋಕೆ ಪ್ರಿಂಟರ್ ಥರಾನೇ, ಕಂಪ್ಯೂಟರಿಂದ ಚಿತ್ರ ಕಳಿಸಿದ್ರೆ ಇಂಕಿನ ಬದಲು ಒಳಗಿರೋ ಪುಟ್ಟ ಬ್ಲೇಡು ಗೆರೆ ಹಿಡ್ಕೊಂಡು ಓಡಾಡತ್ತೆ. ಶನಿವಾರ ಶನಿವಾರ ನಮ್ಮ ಬೀದಿಯ ಹೆಂಗಸರು ಮಕ್ಕಳು ಎಂಟ್ಹತ್ತು ಜನ ಬರ್ತಾರೆ. ಹಬ್ಬಕ್ಕೆ ಬಾಗಿಲ ತೋರಣ, ದಸರಾ ಗೊಂಬೆ ಕೂರಿಸೋವಾಗ ಹಿಂದೆ ಕಟ್ಟೋ ಪರದೆ, ದೀಪಾವಳಿಗೆ ಆಕಾಶಬುಟ್ಟಿ, ತಾಂಬೂಲದ ಚೀಲ, ನವೆಂಬರ್ 1ಕ್ಕೆ ಹಳದಿ ಕೆಂಪು ಬ್ಯಾಡ್ಜು, ಅಡುಗೆಮನೆ ಡಬ್ಬಿಗಳ ಮೇಲೆ ಹೆಸರು, ಹೀಗೆ ಏನಾದ್ರೂ ಒಂದು ಮಾಡ್ತಾನೇ ಇರ್ತೀವಿ. ಇವರಿಗೆ ಕನ್ನಡದಲ್ಲೇ ಎರಡು ಪುಟದ ಸೂಚನೆ ಬರೆದು ಕೊಡೋಣ, ನಾನಿಲ್ದಿದ್ರೂ ಮಾಡ್ಕೊಳ್ಲಿ ಅಂತ ಕೂತೆ. ಮೊದಲನೇ ಸಾಲಲ್ಲೇ ಪೆನ್ನು ನಿಂತುಹೋಯ್ತು. ಈ ಬ್ಲೇಡು ಮಾಡೋ ಕೆಲಸಕ್ಕೆ ಕನ್ನಡದಲ್ಲಿ ಯಾವ ಕ್ರಿಯಾಪದ?

‘ಕತ್ತರಿಸು’ ಅಂತ ಬರೆದೆ, ಹೊಡೆದುಹಾಕಿದೆ. ಕತ್ತರಿಸು ಅಂದಕೂಡ್ಲೆ ಕಣ್ಣಿಗೆ ಬರೋದು ಕತ್ತರಿ, ಎರಡು ಅಲಗು ಬಂದು ಕೂಡೋದು. ಇಲ್ಲಿ ಇರೋದು ಒಂದೇ ಅಲಗು. ನಮ್ಮ ಭಾಷೇಲಿ ಒಂದೊಂದು ವಸ್ತುಗೆ ಒಂದೊಂದು ಮಾತು ಇದೆಯಲ್ಲ, ತರಕಾರಿ ಹೆಚ್ಚೋದು, ಕಬ್ಬು ಕಡಿಯೋದು, ಸೌದೆ ಸೀಳೋದು, ಅಡಿಕೆ ಕೊನೆ ಕೊಯ್ಯೋದು, ಹಲಗೆ ಕೊರೆಯೋದು. ಇಷ್ಟೆಲ್ಲ ಇದ್ದೂ ಎಲ್ಲದಕ್ಕೂ ‘ಕಟ್ ಮಾಡಿ’ ಅಂತ ಬರೆಯೋಕೆ ನನಗೆ ಮನಸ್ಸು ಬರ್ತಿಲ್ಲ. ಸದ್ಯಕ್ಕೆ ‘ಕೊಯ್ಯು’ ಇಟ್ಕೊಂಡಿದೀನಿ. ಯಾಕಂದ್ರೆ ಈ ಮಷೀನಲ್ಲಿ ಬ್ಲೇಡು ಎಡಕ್ಕೂ ಬಲಕ್ಕೂ ಮಾತ್ರ ಹೋಗತ್ತೆ, ಕಾಗದ ಅಂಟಿಸಿರೋ ಮ್ಯಾಟು ಹಿಂದಕ್ಕೂ ಮುಂದಕ್ಕೂ ಹೋಗತ್ತೆ, ಎರಡೂ ಸೇರಿದ್ರೇ ಒಂದು ದುಂಡಗಿನ ಗೆರೆ. ಅಂದ್ರೆ ಅರ್ಧ ಚಾಕು, ಅರ್ಧ ಮೆಟ್ಟುಗತ್ತಿ (ಮೈಸೂರಿನವರ ಈಳಿಗೆಮಣೆ). ಮೆಟ್ಟುಗತ್ತಿ ಮೇಲೆ ನಾವು ಕೊಯ್ಯೋದೇ ತಾನೇ. ಇದೇ ನೆವದಲ್ಲಿ ಆ ಮ್ಯಾಟಿಗೆ ‘ಅಂಟುಮಣೆ’ ಅಂತ ಹೆಸರಿಟ್ಟಿದೀನಿ. ಚಾಪೆ ಅಂದ್ರೆ ಮಲಗೋದು, ಮಣೆ ಅಂದ್ರೆ ಕೆಲಸ. ಮಕ್ಕಳು ಎರಡೇ ವಾರಕ್ಕೆ ‘ಆಂಟಿ, ಅಂಟುಮಣೆ ಅಂಟ್ತಾನೇ ಇಲ್ಲ’ ಅನ್ನೋಕೆ ಶುರುಮಾಡಿದ್ರು.

ಆದ್ರೆ ಕೊಯ್ಯೋದ್ರಲ್ಲೂ ಎರಡು ಥರ ಇದೆ. ಆಕಾಶಬುಟ್ಟಿಗೆ 200, 250 ಜಿಎಸ್ಎಮ್ (ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಗೋ) ದಪ್ಪದ ಕಾರ್ಡ್ ಶೀಟ್ ಹಾಕ್ತೀವಿ, ಅದು ಪೂರ್ತಿ ತುಂಡಾಗ್ಬೇಕು. ಸ್ಟಿಕ್ಕರ್ ಶೀಟ್ ಹಾಗಲ್ಲ, ಮೇಲಿನ ಬಣ್ಣದ ಪದರ ಮಾತ್ರ ಕೊಯ್ದು ಕೆಳಗಿನ ಕಾಗದ ಹಾಗೇ ಉಳೀಬೇಕು. ಇಂಗ್ಲಿಷಲ್ಲಿ ‘ಕಿಸ್ ಕಟ್’ ಅಂತಾರೆ. ಅದನ್ನ ಮುತ್ತು ಅಂತ ಕನ್ನಡಕ್ಕೆ ತಂದ್ರೆ ಯಾರಿಗೂ ಏನೂ ಹೊಳೆಯಲ್ಲ. ನಮ್ಮಲ್ಲಿ ಇದೇ ಕೆಲಸ ಅಡುಗೆಮನೇಲಿ ದಿನಾ ನಡೀತಾ ಇದೆ ನೋಡಿ. ತುಪ್ಪ ಸವರಿದ ತಟ್ಟೆಗೆ ಕೊಬ್ಬರಿ ಮಿಠಾಯಿ ಸುರಿದು, ಸ್ವಲ್ಪ ಆರೋಕೆ ಬಿಟ್ಟು, ಚಾಕುವಿನ ತುದೀಲಿ ಗೀರು ಹಾಕ್ತೀವಿ. ಮಿಠಾಯಿ ತುಂಡಾಗತ್ತೆ, ತಟ್ಟೆಗೆ ಏನೂ ಆಗಲ್ಲ, ತುಂಡುಗಳು ಎತ್ತೋತನಕ ಜಾಗದಲ್ಲೇ ಕೂತಿರ್ತವೆ. ಇದೇ ತಾನೇ ಆ ಕಿಸ್ ಕಟ್ಟು. ಹಾಗಾಗಿ ಪೂರ್ತಿ ತುಂಡು ಮಾಡೋದಕ್ಕೆ ‘ಕೊಯ್ಯು’, ಮೇಲಿನ ಪದರಕ್ಕೆ ಮಾತ್ರ ‘ಗೀರು’ ಅಂತ ಬರೀತಿದೀನಿ. ಒಂದೇ ಅನುಮಾನ ಏನಂದ್ರೆ ಗೀರು ಅಂದ್ರೆ ಕೆಲವು ಕಡೆ ಬರೀ ತರಚೋದು, ಬೆಂಕಿಕಡ್ಡಿ ಗೀರೋದು ಅನ್ನೋ ಹಾಗೆ ಮೇಲಮೇಲೆ ಎಳೆಯೋದು ಮಾತ್ರ. ನಿಮ್ಮ ಕಡೆ ಗೀರಿದ್ದು ತುಂಡಾಗತ್ತಾ?

ಈಗ ನಿಜವಾದ ಪ್ರಶ್ನೆಗೆ ಬರ್ತೀನಿ.

ಗೀರಾದ್ಮೇಲೆ ಬೇಡದ ಸ್ಟಿಕ್ಕರನ್ನ ಎಬ್ಬಿಸಿ ತೆಗೀಬೇಕು. ಕೊಕ್ಕೆ ಥರ ಮೂತಿಯ ಒಂದು ಸಣ್ಣ ಸೂಜಿ ಬರತ್ತೆ, ಇಲ್ದಿದ್ರೆ ಸೇಫ್ಟಿಪಿನ್ನೂ ಆಗತ್ತೆ. ಇದಕ್ಕೆ ಇಂಗ್ಲಿಷಲ್ಲಿ ವೀಡಿಂಗ್ ಅಂತಾರೆ, ಗದ್ದೇಲಿ ಕಳೆ ಕಿತ್ತ ಹಾಗೆ. ನಾನೂ ಮೊದಲು ‘ಕಳೆ ತೆಗೆಯೋದು’ ಅಂತಾನೇ ಹೇಳ್ತಿದ್ದೆ. ನಮ್ಮನೆ ಹಿಂದಿನ ಬೀದಿಯ ಒಬ್ರು ಅಜ್ಜಿ, ಸೊಸೆ ಜೊತೆ ಸುಮ್ನೆ ನೋಡೋಕೆ ಬಂದವರು, ಒಂದು ಶನಿವಾರ ‘ಉದ್ದಿನಬೇಳೆ’ ಅನ್ನೋ ಹೆಸರನ್ನ ಕೈಗೆ ತಗೊಂಡು ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂತ್ರು. ಉ ಸುತ್ತ ಇದ್ದ ಪದರ ಒಂದೇ ಎಳೆತಕ್ಕೆ ಬಂತು, ದ್ದಿ ಹತ್ರ ನಿಂತ್ರು. ಆ ಕೆಳಗಿನ ಒತ್ತು ಅಕ್ಷರಕ್ಕೆ ಅಂಟಿಕೊಂಡಿರಲ್ಲ, ಬೇರೆ ತುಂಡು, ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಸುತ್ತಲಿನ ಪದರ ಎಳೆದ್ರೆ ಅದೂ ಎದ್ದು ಜೊತೆಗೆ ಬರತ್ತೆ. ಅಜ್ಜಿ ಎಡಗೈ ಹೆಬ್ಬೆರಳಿನ ಉಗುರಲ್ಲಿ ಆ ಒತ್ತನ್ನ ಒತ್ತಿ ಹಿಡ್ಕೊಂಡು ಬಲಗೈಲಿ ಸುತ್ತಲಿನದ್ದನ್ನ ನಿಧಾನಕ್ಕೆ ಮಡಚಿ ಎಬ್ಬಿಸಿದ್ರು. ಆಮೇಲೆ ನನ್ನ ಕಡೆ ನೋಡಿ ‘ಇದು ಕಳೆ ಕೀಳೋದಲ್ಲ ಕಣಮ್ಮ, ಅವರೆಕಾಯಿ ಬಿಡಿಸೋದು. ಕಾಳು ಯಾವ್ದು ಸಿಪ್ಪೆ ಯಾವ್ದು ಗೊತ್ತಿದ್ರೆ ಆಯ್ತು’ ಅಂದ್ರು.

ಅವತ್ತಿಂದ ಆ ಮಾತು ತಲೆಯಿಂದ ಹೋಗಿಲ್ಲ. ಬಿಡಿಸೋದು! ಅವರೆಕಾಯಿ ಬಿಡಿಸ್ತೀವಿ, ಬೆಳ್ಳುಳ್ಳಿ ಬಿಡಿಸ್ತೀವಿ, ಹಲಸಿನ ತೊಳೆ ಬಿಡಿಸ್ತೀವಿ, ಮೈಸೂರಲ್ಲಿ ಹೂವನ್ನೂ ಬಿಡಿಸ್ತಾರೆ, ಉತ್ತರ ಕರ್ನಾಟಕದಲ್ಲಿ ಹತ್ತಿ ಬಿಡಿಸ್ತಾರೆ, ಗಂಟು ಬಿಡಿಸ್ತೀವಿ, ಲೆಕ್ಕ ಬಿಡಿಸ್ತೀವಿ. ಎಲ್ಲದರಲ್ಲೂ ಅಂಟಿಕೊಂಡಿದ್ದನ್ನ ಬೇರೆ ಮಾಡೋದೇ ಇದೆ, ಬಿಡು ಅನ್ನೋ ಧಾತು ಸ್ಪಷ್ಟವಾಗೇ ಕಾಣತ್ತೆ. ಆದ್ರೆ ಅದೇ ನಾವು ಚಿತ್ರಾನೂ ಬಿಡಿಸ್ತೀವಿ, ರಂಗೋಲೀನೂ ಬಿಡಿಸ್ತೀವಿ! ಅಲ್ಲಿ ಯಾವುದನ್ನ ಯಾವುದರಿಂದ ಬಿಡಿಸ್ತಿದೀವಿ? ಖಾಲಿ ಕಾಗದದ ಮೇಲೆ ಗೆರೆ ಸೇರಿಸ್ತಿದೀವಿ, ಏನೂ ಬೇರೆ ಮಾಡ್ತಿಲ್ಲ. ಇದನ್ನ ನನ್ನ ಧಾರವಾಡದ ಗೆಳತಿಗೆ ಫೋನಲ್ಲಿ ಹೇಳಿದ್ರೆ ಅವಳು ‘ನಾವು ಚಿತ್ರಾ ತಗೀತೇವಿ ಅಂತೀವಲ್ಲ, ಅದೂ ಹಂಗ ಆತು ನೋಡು’ ಅಂದ್ಲು. ಹೌದಲ್ವಾ, ತೆಗೆಯೋದೂ ಹೊರಗೆ ಎತ್ತೋದೇ. ಮರಾಠೀಲೂ ಚಿತ್ರಕ್ಕೆ ‘ಕಾಢಣೆ’ ಅಂತಾರೆ, ಅದರರ್ಥಾನೂ ಹೊರತೆಗೆಯೋದು. ದಕ್ಷಿಣದ ಬಿಡಿಸು, ಉತ್ತರದ ತೆಗಿ, ಎರಡೂ ಒಳಗಿದ್ದದ್ದನ್ನ ಹೊರಗೆ ತರೋ ಮಾತೇ, ಕಾಗದದೊಳಗೆ ಚಿತ್ರ ಮೊದಲೇ ಇತ್ತು ಅನ್ನೋ ಹಾಗೆ.

ಈ ಮಷೀನಿನ ಕೆಲಸದಲ್ಲಿ ಅದು ಅಕ್ಷರಶಃ ನಿಜ. ಗೀರಾದ ಶೀಟ್ ಕೈಗೆತ್ತಿಕೊಂಡ್ರೆ ಏನೂ ಕಾಣಲ್ಲ, ಬೆಳಕಿಗೆ ಓರೆ ಹಿಡಿದ್ರೆ ಮಾತ್ರ ಕೂದಲೆಳೆ ಥರ ಗೆರೆ. ಹೆಸರು ಅಲ್ಲೇ ಇದೆ, ಬಿಡಿಸಿದ್ರೆ ಬರತ್ತೆ. ಅವರೆಕಾಯಿ ಬಿಡಿಸೋ ಬಿಡಿಸೂ ಚಿತ್ರ ಬಿಡಿಸೋ ಬಿಡಿಸೂ ಒಂದೇ ಕೆಲಸದಲ್ಲಿ ಕೂಡಿಬಿಡತ್ತೆ. ಹಾಗಾಗಿ ವೀಡಿಂಗ್‌ಗೆ ‘ಬಿಡಿಸೋದು’ ಅನ್ನೋದಕ್ಕಿಂತ ಒಳ್ಳೇ ಪದ ಸಿಗಲಾರದು ಅಂತ ನನಗನ್ಸಿದೆ. ನಿಮ್ಮನ್ನ ಕೇಳೋದು ಎರಡು. ಚಿತ್ರಕ್ಕೆ ಬಿಡಿಸು ಅಂತ ಬಳಸೋದು ಎಷ್ಟು ಹಳೇದು, ಹಳಗನ್ನಡದಲ್ಲೋ ನಡುಗನ್ನಡದಲ್ಲೋ ಯಾರಾದ್ರೂ ಕಂಡಿದೀರಾ? ಇನ್ನೊಂದು, ‘ಹೆಸರು ಬಿಡಿಸಿ’ ಅಂತ ಸೂಚನೇಲಿ ಬರೆದ್ರೆ ಓದೋರು ಪೆನ್ಸಿಲ್ ತಗೊಂಡು ಬರೆಯೋಕೆ ಕೂತುಬಿಡ್ತಾರಾ? ‘ಸಿಪ್ಪೆ ಬಿಡಿಸಿ’ ಅಂದ್ರೆ ಆ ಗೊಂದಲ ಹೋಗತ್ತೆ, ಬೇಡದ ಪದರಕ್ಕೂ ಸಿಪ್ಪೆ ಅಂತ ಹೆಸರು ಸಿಕ್ಕ ಹಾಗಾಗತ್ತೆ. ನಾನು ಹಾಗೇ ಬರೆಯೋಣ ಅಂತಿದೀನಿ.

ಅಕ್ಷರದ ಮಾತು ಬಂತಲ್ಲ, ಕನ್ನಡದ ಹೆಸರು ಕೊಯ್ಯೋಕೆ ಆಸೆ ಇರೋರಿಗೆ ಒಂದು ಕಿವಿಮಾತು. ಮಷೀನ್ ಜೊತೆ ಬರೋ ಸಾಫ್ಟ್‌ವೇರಲ್ಲಿ ಒತ್ತಕ್ಷರ ಒಡೆದುಹೋದ್ರೆ ಇಂಕ್‌ಸ್ಕೇಪ್ ಅನ್ನೋ ಚಿತ್ರ ಬರೆಯೋ ಸಾಫ್ಟ್‌ವೇರಲ್ಲಿ ಯೂನಿಕೋಡಲ್ಲೇ ಟೈಪ್ ಮಾಡಿ, ಅಕ್ಷರಾನ ಪಾತ್ (ಬರೀ ಗೆರೆಯ ಆಕಾರ) ಮಾಡಿ, ಯೂನಿಯನ್ ಕೊಟ್ಟು (ಒಂದರ ಮೇಲೊಂದು ಬಿದ್ದ ಆಕಾರಗಳನ್ನ ಒಂದು ಮಾಡಿ), ಎಸ್‌ವಿಜಿ ಫೈಲ್ ಆಗಿ ಉಳಿಸಿಕೊಂಡು ಮಷೀನಿಗೆ ಕೊಡಿ. ಆ ಯೂನಿಯನ್ ಮರೆತ್ರೆ ಕೊಂಬು, ಒತ್ತು ಅಕ್ಷರದ ಮೇಲೆ ಎಲ್ಲೆಲ್ಲಿ ಹತ್ತಿ ಕೂತಿರತ್ತೋ ಅಲ್ಲೆಲ್ಲ ಬ್ಲೇಡು ಎರಡೂ ಗೆರೆ ಗೀರಿ ಅಕ್ಷರ ಚೂರಾಗತ್ತೆ. ಇದಕ್ಕೆ ‘ಬೆಸೆ’ ಅಂತ ಬರೆದಿದೀನಿ, ಅಕ್ಕಸಾಲಿಗರ ಬೆಸುಗೆ ಎಲ್ರಿಗೂ ಗೊತ್ತು. ಫಾಂಟು ದಪ್ಪಗಿರಲಿ, ಬಲೂ ತಮ್ಮ ಥರದ್ದು. ಡಬ್ಬಿ ಮೇಲಿನ ಹೆಸರಲ್ಲಿ ಗೆರೆ 2 ಮಿಲಿಮೀಟರಿಗಿಂತ ಸಣ್ಣ ಆದ್ರೆ ಬಿಡಿಸೋವಾಗ ಸಿಪ್ಪೆ ಜೊತೆ ಕಾಳೂ ಬರತ್ತೆ.

ಸೊನ್ನೆ, ರ, ಠ ಇವುಗಳ ಒಳಗಿನ ದುಂಡು ಜಾಗಕ್ಕೆ ನಮ್ಮ ಮಕ್ಕಳೇ ‘ಹೊಟ್ಟೆ’ ಅಂತ ಹೆಸರಿಟ್ಟಿದಾರೆ. ‘ಸೊನ್ನೆ ಹೊಟ್ಟೆ ತೆಗ್ದ್ಯಾ?’ ಅಂತ ಒಬ್ರನ್ನೊಬ್ರು ಕೇಳ್ಕೊಳ್ತಾರೆ. ಠ ಅಂತೂ ವಿಶೇಷ, ಹೊಟ್ಟೇಲಿ ಚುಕ್ಕಿ ಬೇರೆ, ಹೊಟ್ಟೆ ತೆಗೆದು ಚುಕ್ಕಿ ಉಳಿಸ್ಬೇಕು. ಕನ್ನಡ ಪಾಠದ ನೋಟ್‌ಬುಕ್ಕಿಗೆ ‘ಪಾಠ’ ಅಂತ ಬಿಡಿಸೋಕೆ ಒಂದು ಹುಡುಗಿ ಮೂರು ಸಲ ಪ್ರಯತ್ನಪಟ್ಟು ಕೊನೆಗೆ ಚುಕ್ಕಿ ಉಳಿಸಿಕೊಂಡ್ಲು, ಅವತ್ತು ಅವಳ ಮುಖ ನೋಡ್ಬೇಕಿತ್ತು. ಇದೇ ಅಕ್ಷರಾನ ಅಚ್ಚು ಮಾಡೋಕೆ ಹೋದ್ರೆ ಕಥೆ ಉಲ್ಟಾ. ಸ್ಟೆನ್ಸಿಲ್‌ಗೆ ನಾವು ಅಚ್ಚು ಅಂತಾನೇ ಅಂತೀವಿ, ರಂಗೋಲಿ ಅಚ್ಚು ಎಲ್ರ ಮನೇಲೂ ಇದೆ, ಹೊಸ ಪದ ಬೇಕಿಲ್ಲ. ಅಚ್ಚಲ್ಲಿ ಅಕ್ಷರದ ಗೆರೆ ಬಿದ್ದುಹೋಗಿ ಸುತ್ತಲಿನ ಹಾಳೆ ಉಳಿಯತ್ತೆ, ಆಗ ಹೊಟ್ಟೆಗೆ ಆಸರೆ ಇಲ್ದೆ ಅದೂ ಉದುರತ್ತೆ. ಉದುರದ ಹಾಗೆ ಹೊಟ್ಟೆಗೂ ಹಾಳೆಗೂ ನಡುವೆ ಒಂದೆರಡು ಕಡೆ ಸಣ್ಣ ಪಟ್ಟಿ ಬಿಡ್ಬೇಕು. ಇಂಗ್ಲಿಷಲ್ಲಿ ಬ್ರಿಡ್ಜು. ಸೇತುವೆ ಅಂದ್ರೆ ಅಷ್ಟು ಸಣ್ಣದಕ್ಕೆ ತುಂಬಾ ದೊಡ್ಡ ಮಾತಾಯ್ತು. ನಾನು ‘ಸಂಕ’ ಅಂತೀನಿ. ನಮ್ಮ ಕಡೆ ಹಳ್ಳ ದಾಟೋಕೆ ಅಡಿಕೆ ಮರದ ದಬ್ಬೆ ಹಾಕಿರ್ತಾರಲ್ಲ, ಒಬ್ಬರು ಮಾತ್ರ ಹೋಗೋ ಅಷ್ಟು ಅಗಲ, ಅದೇ ಸಂಕ. ಮಲೆನಾಡು ಕರಾವಳಿಯವರಿಗೆ ಹೇಳ್ಬೇಕಿಲ್ಲ. ಬಯಲುಸೀಮೆಯವರಿಗೆ ಈ ಪದ ತೀರ ಅಪರಿಚಿತ ಆಗತ್ತಾ? ಅಲ್ಲಿ ಇಂಥ ಸಣ್ಣ ದಾಟುಹಲಗೆಗೆ ಏನಂತಾರೆ?

ಇನ್ನೊಂದು ಜೋಡಿ ಪದ ನನಗೆ ದುಡ್ಡು ಖರ್ಚಾಗಿ ಬಂದ ಪಾಠ. ಬಟ್ಟೆ ಚೀಲದ ಮೇಲೆ ಇಸ್ತ್ರಿ ಪೆಟ್ಟಿಗೆ ಕಾವಲ್ಲಿ ಅಂಟಿಸೋ ವಿನೈಲ್ ಇರತ್ತಲ್ಲ, ಅದರಲ್ಲಿ ಅಕ್ಷರ ಕನ್ನಡೀಲಿ ಕಂಡ ಹಾಗೆ ಇರ್ಬೇಕು, ಅಂಟಿಸಿದಾಗ ಸರಿಯಾಗತ್ತೆ. ಹೋದ ವರ್ಷ ಒಬ್ರ ಗೃಹಪ್ರವೇಶಕ್ಕೆ 24 ತಾಂಬೂಲದ ಚೀಲ. ನಾನು ಪಕ್ಕದ ರೂಮಲ್ಲಿ ಇಸ್ತ್ರಿ ಕಾಯಿಸ್ತಾ ಲ್ಯಾಪ್‌ಟಾಪ್ ಮುಂದಿದ್ದ ಹುಡುಗೀಗೆ ‘ಅಕ್ಷರ ತಿರುಗ್ಸಿ ಕಳ್ಸಮ್ಮ’ ಅಂದೆ. ಅವಳು ತಿರುಗಿಸಿದ್ಲು, ಗಡಿಯಾರದ ಮುಳ್ಳು ತಿರುಗಿದ ಹಾಗೆ, ಅಡ್ಡ ಇದ್ದದ್ದು ಉದ್ದ ಆಯ್ತು ಅಷ್ಟೇ. ನಾನೂ ನೋಡ್ದೆ ಕಾದ ಇಸ್ತ್ರಿ ಒತ್ತಿದೆ. ಚೀಲದ ಮೇಲೆ ‘ಶುಭಂ’ ಹಿಂದುಮುಂದು, ಒಮ್ಮೆ ಹತ್ತಿದ್ರೆ ಅದು ಮತ್ತೆ ಬರಲ್ಲ. ತಪ್ಪು ಅವಳದ್ದಲ್ಲ, ನನ್ನ ಪದದ್ದು. ತಿರುಗಿಸು ಅನ್ನೋದಕ್ಕೆ ಅವಳು ಮಾಡಿದ್ದೇ ಅರ್ಥ. ನಾನು ಹೇಳ್ಬೇಕಿದ್ದದ್ದು ‘ಮಗುಚು’, ದೋಸೆ ಮಗುಚೋದು. ಈಗ ಸೂಚನೇಲಿ ಚಿತ್ರಕ್ಕೆ ‘ಮಗುಚಿ’, ಶೀಟಿನ ಹೊಳೆಯೋ ಮುಖ ಅಂಟುಮಣೆ ಕಡೆಗೆ ಬರೋ ಹಾಗೆ ಹಾಕೋದಕ್ಕೆ ‘ಕವುಚಿ’ ಅಂತ ಬರೆದಿದೀನಿ, ಪಾತ್ರೆ ತೊಳೆದು ಕವುಚಿ ಹಾಕ್ತೀವಲ್ಲ ಹಾಗೆ. ಎರಡಕ್ಕೂ ಬೇರೆ ಬೇರೆ ಪದ ಇರೋದ್ರಿಂದ ಆಮೇಲೆ ಒಬ್ರೂ ತಪ್ಪು ಮಾಡಿಲ್ಲ. ಹಳೇ ಮುದ್ರಣಾಲಯದಲ್ಲಿ ಅಚ್ಚುಮೊಳೆ ಎಲ್ಲ ಹೀಗೇ ತಿರುವುಮುರುವು ಇರ್ತಿತ್ತು, ಮೊಳೆ ಜೋಡಿಸೋರು ಆ ಥರದ ಅಕ್ಷರಕ್ಕೆ ಏನಾದ್ರೂ ಹೆಸರು ಇಟ್ಕೊಂಡಿರಲೇಬೇಕು. ಪ್ರೆಸ್ಸಲ್ಲಿ ಕೆಲಸ ಮಾಡಿದವರು, ಅವರ ಮನೆಯವರು ಈ ಬಳಗದಲ್ಲಿದ್ರೆ ದಯವಿಟ್ಟು ಹೇಳಿ.

ಮಷೀನಿಗೇ ಏನನ್ನೋದು ಅನ್ನೋದೂ ಬಾಕಿ ಇದೆ. ಕಟಿಂಗ್ ಅಂದ್ರೆ ನಮ್ಮಲ್ಲಿ ತಲೆಕೂದಲು, ಕಟಿಂಗ್ ಶಾಪ್ ಅಂದ್ರೆ ಕ್ಷೌರದಂಗಡಿ. ಹೆಚ್ಚು ಹೆಸರಾಗಿರೋ ಅಮೆರಿಕದ ಕಂಪನಿ ಹೆಸರಿಂದ ಕರೆಯೋಣ ಅಂದ್ರೆ ಅದರ ಉಚ್ಚಾರ ‘ಕ್ರಿಕೆಟ್’, ಇಂಗ್ಲಿಷಲ್ಲಿ ಸ್ಪೆಲಿಂಗ್ ಬೇರೆ ಅಂತ ಗುರುತು ಸಿಗತ್ತೆ, ಉಚ್ಚಾರ ಹೇಗೋ ಹಾಗೇ ಬರೆಯೋ ಕನ್ನಡದಲ್ಲಿ ಬ್ಯಾಟು ಬಾಲೇ ಆಗಿಬಿಡತ್ತೆ. ಬಸ್‌ಸ್ಟ್ಯಾಂಡ್ ಹತ್ರದ ಸ್ಟಿಕ್ಕರ್ ಅಂಗಡಿಯವರನ್ನ ಕೇಳ್ದೆ, ನಾನು ಶೀಟ್ ತರೋದು ಅವರ ಹತ್ರಾನೇ. ‘ಅಕ್ಕ, ಇದಕ್ಕೇನ್ ಹೆಸ್ರು, ರೇಡಿಯಂ ಮಷೀನು’ ಅಂದ್ರು. ಕ್ಯೂರಿ ದಂಪತಿ 1898ರಲ್ಲಿ ಕಂಡುಹಿಡಿದ ರೇಡಿಯಂ ಗಡಿಯಾರದ ಮುಳ್ಳಿಗೆ ಹೊಳೆಯೋ ಬಣ್ಣವಾಗಿ ಬಂದಿತ್ತು, ಇಲ್ಲಿ ಗಾಡಿ ಹಿಂದಿನ ಫಳಫಳ ಹೊಳೆಯೋ ಪಟ್ಟಿಗೆ ಅದೇ ಹೆಸರು, ಈಗ ಹೊಳೆಯದ ಕಪ್ಪು ಸ್ಟಿಕ್ಕರೂ ರೇಡಿಯಮ್ಮೇ. ಅದರಲ್ಲಿ ರೇಡಿಯಂ ಚೂರೂ ಇಲ್ಲ. 2019ರ ಏಪ್ರಿಲಿಂದ ಹೊಸ ಗಾಡಿಗೆಲ್ಲ ಹೈ ಸೆಕ್ಯೂರಿಟಿ ಪ್ಲೇಟೇ ಬರೋದ್ರಿಂದ ನಂಬರ್ ಬರೆಸೋರು ಕಮ್ಮಿಯಾಗಿದಾರೆ, ಈಗ ಹೆಚ್ಚಾಗಿ ದೇವರ ಹೆಸರು, ಮಕ್ಕಳ ಹೆಸರು ಅಂತ ಅವರು ಹೇಳಿದ್ರು. ಬಿಡಿಸಿದ ಹೆಸರನ್ನ ಜಾಗ ತಪ್ಪದ ಹಾಗೆ ಡಬ್ಬಿಗೆ ಸಾಗಿಸೋ ಅಂಟುಹಾಳೆಗೆ ಅವರಲ್ಲಿ ‘ಎತ್ತೋ ಟೇಪು’ ಅಂತಾರೆ. ಕೇಳಿದ ತಕ್ಷಣ ಬರ್ಕೊಂಡೆ.

ಮುಂದಿನ ಶನಿವಾರಕ್ಕೆ ಹಾಳೆ ಜೆರಾಕ್ಸ್ ಮಾಡಿಸ್ಬೇಕು. ಬಿಡಿಸು, ಗೀರು, ಸಂಕ, ಈ ಮೂರರ ಬಗ್ಗೆ ಅದಕ್ಕೆ ಮುಂಚೆ ಯಾರಾದ್ರೂ ಬರೆದ್ರೆ ತಿದ್ದಿಕೊಳ್ತೀನಿ. ನಿಮ್ಮೂರಿನ ಹೆಸರೂ ಜೊತೆಗೆ ಹಾಕಿ, ಯಾವ ಕಡೆ ಯಾವ ಮಾತು ಅಂತ ಪಕ್ಕದಲ್ಲಿ ಗುರುತು ಮಾಡ್ಕೊಳ್ತೀನಿ.