ಬ್ರೇಡಿಗೆ ಕಟ್ಟಿದ ಫ್ಲೋರೋಕಾರ್ಬನ್ ಲೀಡರ್ ಗಂಟಿನಲ್ಲೇ ಕಡಿಯುತ್ತಿದೆ, ಯಾಕೆ?

ಕುಮಟಾ ಗಾಳ:

ಎಲ್ಲರಿಗೂ ನಮಸ್ಕಾರ. ಅಘನಾಶಿನಿಯಲ್ಲಿ ದಿವಗಿ ಸೇತುವೆಯಿಂದ ಮೇಲಕ್ಕೆ, ಸಿಹಿನೀರಿನ ಕಡೆ ಲೂರ್ (ನಕಲಿ ಮೀನಿನಂಥ ಗಾಳ) ಎಸೆಯಲು ಕೇಳುತ್ತಿದ್ದೇನೆ. 7 ಅಡಿ ರಾಡ್, 3000 ಸೈಜಿನ ಸ್ಪಿನ್ನಿಂಗ್ ರೀಲ್, ಪಿಇ 1.5 ದಪ್ಪದ ಬ್ರೇಡ್ (ಹೆಣೆದ ದಾರ). ಮುಂದೆ ಲೀಡರ್ ಆಗಿ, ಅಂದರೆ ಲೂರಿನ ಕಡೆಯ ತುದಿದಾರವಾಗಿ, ಒಂದೂವರೆ ಮೀಟರ್ 0.37 ಮಿ.ಮೀ. (20 ಪೌಂಡ್) ಫ್ಲೋರೋಕಾರ್ಬನ್. ಬ್ರೇಡಿಗೂ ಲೀಡರಿಗೂ ನಡುವೆ ಡಬಲ್ ಯೂನಿ ಗಂಟು, ಎರಡೂ ಕಡೆ 6 ಸುತ್ತು. ಲೂರಿಗೆ ಕ್ಲಿಂಚ್ ಗಂಟು, ಅದಕ್ಕೂ 6 ಸುತ್ತು.

ಕಡಿಯುವುದು ಪ್ರತಿ ಸಲವೂ ಲೂರಿನ ಹತ್ತಿರವೇ. ಉಳಿದ ತುದಿ ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿಕೊಂಡಿರುತ್ತದೆ. ದಾರವೇ ನಕಲಿಯೋ? 30 ಪೌಂಡಿಗೆ ಹೋಗಲೋ? ಬ್ರೇಡ್ ಬಿಟ್ಟು ರೀಲಿಗೆ ಪೂರ್ತಿ ಫ್ಲೋರೋಕಾರ್ಬನ್ ತುಂಬಿದರೆ ಹೇಗೆ? ಶಿರಸಿ ಕಡೆ ಕೆರೆಯ ರೋಹುವಿಗೂ ಮುರುಗೋಡು ಮೀನಿಗೂ ಇದೇ ಲೀಡರ್ ಆಗುತ್ತದೆಯೇ?

ಕಾಳಿ ದಂಡೆ:

ಸುರುಳಿ ಬಾಲ ಎಂದಿರಲ್ಲ, ಉತ್ತರ ಅದರಲ್ಲೇ ಇದೆ. ಗಂಟು ಪೂರ್ತಿ ಬಿಗಿಯಾಗಿರಲಿಲ್ಲ, ಎಳೆತಕ್ಕೆ ಜಾರಿ ಬಿಚ್ಚಿಕೊಂಡಿದೆ. ದಪ್ಪ ಹೆಚ್ಚಿಸಿದರೆ ಇದು ಇನ್ನೂ ಜಾಸ್ತಿಯಾಗುತ್ತದೆ. ದಾರ ಗಡುಸಾದಷ್ಟೂ ಸುತ್ತುಗಳು ಒಂದಕ್ಕೊಂದು ಅಂಟಿ ಕೂರುವುದಿಲ್ಲ.

ಇನ್ನು ಮುಂದೆ ಕಡಿದಾಗ ತುದಿಯನ್ನು ಬಿಸಿಲಿಗೆ ಹಿಡಿದು ನೋಡಿ. ಸುರುಳಿಯಾಗಿದ್ದರೆ ಗಂಟು ಜಾರಿದೆ. ತುದಿ ಬೆಳ್ಳಗಾಗಿ ಚಪ್ಪಟೆಯಾಗಿದ್ದರೆ ಒಣ ದಾರವನ್ನು ಜೋರಾಗಿ ಎಳೆದು ಬಿಗಿದಿದ್ದೀರಿ, ತಿಕ್ಕಾಟದ ಬಿಸಿಗೆ ಮೈ ಸತ್ತಿದೆ. ಬ್ಲೇಡಿನಲ್ಲಿ ಕೊಯ್ದಂತಿದ್ದರೆ ಕಲ್ಲು ಅಥವಾ ಕಿವಿರಿನ ಅಂಚು ತಾಗಿದೆ. ತುದಿಗಿಂತ ಒಂದು ಗೇಣು ಹಿಂದಿನವರೆಗೂ ತರಿತರಿ ಇದ್ದರೆ ದಾರ ಕಲ್ಲಿಗೆ ಉಜ್ಜಿ ಸವೆದಿದೆ. ನಾಲ್ಕಕ್ಕೂ ಮದ್ದು ಬೇರೆ ಬೇರೆ. ಅದಕ್ಕೇ ತುದಿ ನೋಡದೆ ದಾರ ಬದಲಿಸಬೇಡಿ.

ಕ್ಲಿಂಚ್ ತಂಗೂಸಿಗೆ, ಅಂದರೆ ನೈಲಾನಿಗೆ, ಒಳ್ಳೆಯ ಗಂಟು. ನೈಲಾನ್ ಮೆತ್ತಗಿದೆ, ಸುತ್ತುಗಳು ಒತ್ತಿ ಕೂರುತ್ತವೆ. ಫ್ಲೋರೋಕಾರ್ಬನ್ನಿನ ಮೈ ಗಟ್ಟಿ, ನುಣುಪು. 0.37ಕ್ಕೆ 6 ಸುತ್ತು ಹಾಕಿದರೆ ಒಳಗಿನ ಸುತ್ತು ಬಿಗಿಯುವ ಮೊದಲೇ ಹೊರಗಿನದು ಕಚ್ಚಿಕೊಂಡು ನಿಲ್ಲುತ್ತದೆ. ಬಿಗಿಯಾದಂತೆ ಕಾಣುತ್ತದೆ, ಆಗಿರುವುದಿಲ್ಲ. ಲೂರಿಗೆ ಯೂನಿ ಕಟ್ಟಿ: 0.33ರವರೆಗೆ 5 ಸುತ್ತು, 0.37ಕ್ಕೆ 4, 0.47 ಮತ್ತು ಮೇಲಿನದಕ್ಕೆ 3. ಲೂರ್ ಸರಾಗವಾಗಿ ಆಡಬೇಕಾದರೆ ಜಾರದ ಕುಣಿಕೆಯ ಗಂಟು, 3-4 ಸುತ್ತು. ಬಿಗಿಯುವ ಮುನ್ನ ಎಂಜಲು ಹಚ್ಚಿ ಚೆನ್ನಾಗಿ ಒದ್ದೆ ಮಾಡಿ, ಮೊದಲು ತುದಿಯನ್ನು, ಆಮೇಲೆ ಉದ್ದದ ದಾರವನ್ನು, ಒಂದೇ ಸಮನೆ ನಿಧಾನ ಎಳೆಯಿರಿ. ಕೊನೆಗೆ 2 ಮಿ.ಮೀ. ತುದಿ ಬಿಟ್ಟು ಉಗುರುಕತ್ತರಿಯಲ್ಲಿ ಕತ್ತರಿಸಿ.

ಡಬಲ್ ಯೂನಿಯಲ್ಲೂ ಎರಡೂ ಕಡೆ ಸಮ ಸುತ್ತು ಹಾಕುವುದು ತಪ್ಪು. ಬ್ರೇಡ್ ಕಡೆ 8, ಫ್ಲೋರೋಕಾರ್ಬನ್ ಕಡೆ 4. ಒಂದೂವರೆ ಮೀಟರ್ ಲೀಡರ್ ಎಂದರೆ ಎಸೆಯುವಾಗ ಗಂಟು ರಾಡಿನ ಬಳೆಗಳ ಒಳಗೇ ಇರುವ ಸಾಧ್ಯತೆ ಹೆಚ್ಚು. ಡಬಲ್ ಯೂನಿ ಉಬ್ಬಿದ ಗಂಟು, ಬಳೆಗೆ ಬಡಿದು ಬಡಿದು ಸಡಿಲವಾಗುತ್ತದೆ. ಒಂದೋ ಲೀಡರನ್ನು 60-70 ಸೆಂ.ಮೀ.ಗೆ ಇಳಿಸಿ ಗಂಟನ್ನು ಹೊರಗೇ ಇಟ್ಟು ಎಸೆಯಿರಿ, ಇಲ್ಲವೇ ಎಫ್‌ಜಿ ಗಂಟು ಕಲಿಯಿರಿ. ಲೀಡರನ್ನು ಬಿಗಿಯಾಗಿ ಹಿಡಿದು ಬ್ರೇಡನ್ನು ಅದರ ಮೇಲೊಮ್ಮೆ ಕೆಳಗೊಮ್ಮೆ ಹೆಣೆಯುತ್ತ 20 ಹೆಣಿಗೆ. ಎರಡನ್ನೂ ಸೇರಿಸಿ ಒಂದು ಅರ್ಧಗಂಟು. ಈಗ ಒದ್ದೆ ಮಾಡಿ ಬ್ರೇಡಿನ ಎರಡೂ ಕಡೆ ಹಿಡಿದು ಜಗ್ಗಿ. ಹೆಣಿಗೆಯ ಬಣ್ಣ ಕಪ್ಪಾಗುವವರೆಗೆ ಜಗ್ಗಬೇಕು, ಅದು ಕಚ್ಚಿದ ಗುರುತು. ಬಣ್ಣ ಬದಲಾಗದಿದ್ದರೆ ಬಿಚ್ಚಿ ಮತ್ತೆ ಶುರು ಮಾಡಿ. ಆಮೇಲೆ ಎದುರುಬದುರಾಗಿ ಇನ್ನೂ 5 ಅರ್ಧಗಂಟು, ಲೀಡರಿನ ತುದಿ ಪೂರ್ತಿ ಬುಡಕ್ಕೆ ಕತ್ತರಿಸಿ, ಬ್ರೇಡಿನ ಮೇಲಷ್ಟೇ 4 ಅರ್ಧಗಂಟು.

ನೀರಿಗೆ ಎಸೆಯುವ ಮುನ್ನ ಪರೀಕ್ಷೆ: ಲೂರನ್ನು ಕಂಬಕ್ಕೆ ಸಿಕ್ಕಿಸಿ, ದಾರಕ್ಕೆ ಸ್ಪ್ರಿಂಗ್ ತಕ್ಕಡಿ ಹಾಕಿ ಎಳೆಯಿರಿ. 20 ಪೌಂಡ್ ಎಂದರೆ ಸುಮಾರು 9 ಕೆ.ಜಿ. ಗಂಟು 5 ಕೆ.ಜಿ.ಯನ್ನು ಆರಾಮಾಗಿ ತಡೆಯಬೇಕು. ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ಬಿಗಿ) 2ರಿಂದ 2.5 ಕೆ.ಜಿ.ಗೆ ಇಡಿ. ಎಳೆಯುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು. ಗಂಟು ಹೋದರೆ ಲೂರ್ ನೇರ ಮುಖಕ್ಕೇ ಬರುತ್ತದೆ.

ಶಿರಸಿ ಕೆರೆ:

ಗಂಟಿನ ವಿಷಯ ಮೇಲೆ ಬಂದಾಯಿತು. ನಕಲಿಯೋ ಅಲ್ಲವೋ ಎನ್ನುವುದನ್ನು ಮನೆಯಲ್ಲೇ ನೋಡಬಹುದು.

ಅಸಲಿ ಫ್ಲೋರೋಕಾರ್ಬನ್ ಎಂದರೆ ಪಿವಿಡಿಎಫ್ ಎಂಬ ಪ್ಲಾಸ್ಟಿಕ್, ಸಾಂದ್ರತೆ 1.78ರ ಹತ್ತಿರ. ನೈಲಾನಿನದು 1.14. ಬರೀ ನೀರಿನಲ್ಲಿ ಎರಡೂ ಮುಳುಗುವುದರಿಂದ ನೀರಿನ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಅದಕ್ಕೆ ಒಂದು ಲೋಟದಲ್ಲಿ 100 ಮಿ.ಲೀ. ನೀರು, 40 ಗ್ರಾಂ ಉಪ್ಪು. ಸಾಣಿಕಟ್ಟೆಯ ಹರಳುಪ್ಪಾದರೆ ಪುಡಿ ಮಾಡಿ ಹಾಕಿ, ತುಸು ತಳದಲ್ಲಿ ಉಳಿಯುವಷ್ಟು ಕದಡಿ. ಆ ನೀರಿನ ಸಾಂದ್ರತೆ 1.2ರ ಹತ್ತಿರ ಬರುತ್ತದೆ. ದಾರದ 1 ಸೆಂ.ಮೀ. ತುಂಡನ್ನು ಸೋಪಿನ ಬೆರಳಲ್ಲಿ ಒರೆಸಿ, ಲೋಟದ ತಳದವರೆಗೆ ಒತ್ತಿ ಬಿಡಿ. ಸೋಪು ಹಚ್ಚದಿದ್ದರೆ ಗಾಳಿಗುಳ್ಳೆ ಅಂಟಿ ಅಸಲಿಯೂ ತೇಲೀತು. ತಳದಲ್ಲೇ ಕೂತರೆ ಅಸಲಿ. ಮೇಲೆ ಬಂದರೆ ನೈಲಾನ್. ಬಿಟ್ಟ ಕಡೆಯೇ ತೂಗಾಡಿದರೆ ನೈಲಾನಿನ ಮೇಲೆ ಲೇಪ ಹಚ್ಚಿದ್ದಿರಬಹುದು. ಡಬ್ಬಿಯ ಮೇಲೆ ‘ಕೋಟೆಡ್’ ಎಂಬ ಪದ ಸಣ್ಣ ಅಕ್ಷರದಲ್ಲಿ ಇದೆಯೇ ನೋಡಿಕೊಳ್ಳಿ. ಸುಟ್ಟು ನೋಡುವ ಪದ್ಧತಿ ಬೇಡವೇ ಬೇಡ, ಅದರ ಹೊಗೆ ವಿಷ.

ಮುರುಗೋಡಿಗೆ ಈ ಲೀಡರ್ ಕಟ್ಟಬೇಡಿ. ಅದು ಇರುವುದೇ ತಾವರೆ, ಹುಲ್ಲಿನ ನಡುವೆ, ಎಸೆಯುವುದು ತೇಲುವ ಕಪ್ಪೆ ಲೂರ್. ಭಾರದ ದಾರ ಕಪ್ಪೆಯ ಮೂತಿಯನ್ನು ಕೆಳಕ್ಕೆ ಎಳೆಯುತ್ತದೆ, ನಡುವಿನ ಗಂಟಿಗೆ ಪಾಚಿ ಸಿಕ್ಕಿಕೊಳ್ಳುತ್ತದೆ. 40-50 ಪೌಂಡಿನ ಬ್ರೇಡನ್ನು ನೇರ ಪಲೋಮಾರ್ ಗಂಟಿನಲ್ಲಿ ಕಟ್ಟಿದರೆ ಸಾಕು. ಆ ಹುಲ್ಲಿನಲ್ಲಿ ಮೀನು ದಾರ ನೋಡಿ ಹೆದರುವುದಿಲ್ಲ.

ರೋಹುವಿನ ಲೆಕ್ಕ ಬೇರೆ. ತಿಳಿನೀರು, ತಳದಲ್ಲಿ ಇಡುವ ಹಿಟ್ಟಿನ ಗಾಳ. ಅಲ್ಲಿ 0.26-0.28 ಮಿ.ಮೀ. ಫ್ಲೋರೋಕಾರ್ಬನ್ 25 ಸೆಂ.ಮೀ., 8 ನಂಬರ್ ಗಾಳ, ಮೇಲೆ ಸಣ್ಣ ಸ್ವಿವೆಲ್ (ತಿರುಗುವ ಕೊಂಡಿ), ಅದರ ಮೇಲೆ ಜಾರುವ ಸೀಸದ ಗುಂಡು. ದಾರ ಕೆಸರಿನ ಮೇಲೆ ಮಲಗಿಬಿಡುತ್ತದೆ, ಮೀನಿನ ಮೈಗೆ ತಾಗುವುದು ಕಡಿಮೆ. ಮುಖ್ಯ ದಾರ ನೈಲಾನ್ ಆಗಿದ್ದರೆ ಮೊದಲ ಓಟದ ಜಗ್ಗಾಟವನ್ನು ಅದರ ಹಿಗ್ಗು ತಡೆದುಕೊಳ್ಳುತ್ತದೆ.

ಶರಾವತಿ ತೀರ:

ಒಂದು ಕಡೆ ನನ್ನ ಅಭಿಪ್ರಾಯ ಬೇರೆ. ಫ್ಲೋರೋಕಾರ್ಬನ್ ‘ಕಾಣುವುದಿಲ್ಲ’ ಎಂದೇ ಎಲ್ಲರೂ ಕೊಳ್ಳುತ್ತಾರೆ. ಬೆಳಕನ್ನು ಬಾಗಿಸುವ ಅದರ ಸೂಚ್ಯಂಕ 1.42, ನೀರಿನದು 1.33, ನೈಲಾನಿನದು 1.53ರ ಸುಮಾರು. ಹತ್ತಿರವಿದೆ ನಿಜ, ಆದರೆ ಒಂದೇ ಅಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ತಿಳಿನೀರಿನಲ್ಲಿ ಇದರ ಲಾಭ ಇದೆ. ಮಳೆಗಾಲದ ಕೆಂಪು ನೀರಿನಲ್ಲಿ ಮೂರು ಕಾಸಿನ ಲಾಭವೂ ಇಲ್ಲ. ನಮ್ಮ ಹೊಳೆಗಳಲ್ಲಿ ಇದು ಬೇಕಾಗುವುದು ಕಲ್ಲಿಗೆ. ಬ್ರೇಡ್ ಎಷ್ಟೇ ಗಟ್ಟಿಯಿದ್ದರೂ ಎಳೆದು ಬಿಗಿದಾಗ ಕಲ್ಲಿನ ಅಂಚು ತಾಗಿದರೆ ಕ್ಷಣದಲ್ಲಿ ಹೋಗುತ್ತದೆ.

ಹಾಗಾಗಿ ಲೀಡರಿನ ದಪ್ಪವನ್ನು ಮೀನಿನ ತೂಕ ನೋಡಿ ಅಲ್ಲ, ತಳ ನೋಡಿ ಆರಿಸಿ. ಮರಳು, ಕೆಸರು ಇದ್ದರೆ ನಿಮ್ಮ 0.37 ಧಾರಾಳ. ಬಂಡೆ, ಬಿದ್ದ ಮರ ಇದ್ದರೆ 0.47. ಭರತದ ಉಪ್ಪುನೀರು ಮುಟ್ಟುವ ಜಾಗದಲ್ಲಿ ಕಲ್ಲಿಗೆ ಅಂಟಿದ ಕಲಗದ ಚಿಪ್ಪಿರುತ್ತದೆ, ಅಲ್ಲಿ ಕೆಂಬೇರಿ ಮೀನಿಗೆ 0.57 (ಸುಮಾರು 40 ಪೌಂಡ್), ಉದ್ದ ಒಂದು ಮೀಟರಿಗೆ ಕಡಿಮೆ ಬೇಡ. ಆದರೆ ನಿಮ್ಮ ಬ್ರೇಡಿಗಿಂತ ಗಟ್ಟಿಯಾದ ಲೀಡರ್ ಕಟ್ಟಿದರೆ, ಸಿಕ್ಕಿಕೊಂಡಾಗ ಬ್ರೇಡೇ ಕಡಿದು ಉದ್ದ ದಾರ ಹೊಳೆಯಲ್ಲಿ ಉಳಿಯುತ್ತದೆ. ಅಂಥ ಜಾಗಕ್ಕೆ ಬ್ರೇಡನ್ನೂ ಏರಿಸಿ.

ಪ್ರತಿ ಮೀನಿನ ನಂತರ, ಪ್ರತಿ ಸಲ ಸಿಕ್ಕಿಕೊಂಡು ಬಿಡಿಸಿದ ನಂತರ ಕೊನೆಯ 60 ಸೆಂ.ಮೀ.ಯನ್ನು ತುಟಿಗಳ ನಡುವೆ ಎಳೆದು ನೋಡಿ. ಬೆರಳಿಗೆ ತಿಳಿಯದ ತರಿ ತುಟಿಗೆ ತಿಳಿಯುತ್ತದೆ. ತರಿ ಸಿಕ್ಕಿದರೆ ಅದರ ಮೇಲಿನಿಂದ ಕತ್ತರಿಸಿ ಮತ್ತೆ ಕಟ್ಟಿ. ಜೋರಾಗಿ ಜಗ್ಗಿ ಹಿಗ್ಗಿದ ಲೀಡರನ್ನೂ ಬದಲಿಸಿ, ನೈಲಾನಿನಂತೆ ಇದು ಪೂರ್ತಿ ಮೊದಲಿನ ಸ್ಥಿತಿಗೆ ಬರುವುದಿಲ್ಲ. ಕತ್ತರಿಸಿದ ತುಂಡು ನೀರಿಗೆ ಬೀಳಬಾರದು. ನೀರಿನಲ್ಲಿ ಕೊಳೆಯದ ವಸ್ತು ಇದು, ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಡಬ್ಬಿಯಲ್ಲಿ ಮನೆಗೆ ತನ್ನಿ.

ರೀಲಿಗೆ ಪೂರ್ತಿ ತುಂಬುವುದು ನಿಮ್ಮ ಸೆಟ್ಟಿಗೆ ಬೇಡ. 0.37 ದಾರ 3000ರ ಸ್ಪೂಲಿನಿಂದ ಸ್ಪ್ರಿಂಗಿನ ಹಾಗೆ ಹಾರುತ್ತದೆ, ಪ್ರತಿ ನಾಲ್ಕನೇ ಎಸೆತಕ್ಕೆ ಗೋಜಲು. ತುಂಬಲೇಬೇಕೆಂದರೆ 0.26ಕ್ಕಿಂತ ದಪ್ಪ ಬೇಡ.

ಕದ್ರಾ, ಗೇರುಸೊಪ್ಪ ಅಣೆಕಟ್ಟುಗಳ ಕೆಳಗೆ ನಿಲ್ಲುವವರು ವಿದ್ಯುತ್ ಮನೆಯಿಂದ ಬಿಡುವ ನೀರಿನ ಮೇಲೆ ಕಣ್ಣಿಡಿ, ಕಾಲ ಕೆಳಗಿನ ಬಂಡೆ ಬೇಗ ಮುಳುಗುತ್ತದೆ. ಕಾಳಿ ಹುಲಿ ಮೀಸಲು ಪ್ರದೇಶದ ಒಳಗೆ ಗಾಳ ಹಾಕುವಂತಿಲ್ಲ.

ಕುಮಟಾ ಗಾಳ:

ತುಂಬಾ ಉಪಕಾರವಾಯಿತು. ಉಪ್ಪುನೀರಲ್ಲಿ ತುಂಡು ತಳದಲ್ಲೇ ಕೂತಿತು, ದಾರ ಅಸಲಿ. ಎಫ್‌ಜಿ ಕೈಗೆ ಹತ್ತುವವರೆಗೆ ಬ್ರೇಡಿಗೂ ಲೀಡರಿಗೂ ನಡುವೆ ಸ್ವಿವೆಲ್ ಹಾಕಬಹುದೇ?

ಕಾಳಿ ದಂಡೆ:

ಹಿಟ್ಟು, ಶೆಟ್ಲಿ (ಸೀಗಡಿ) ಹಾಕಿ ಕೂರುವ ಗಾಳಕ್ಕೆ ಧಾರಾಳವಾಗಿ ಹಾಕಿ. ಲೂರ್ ಎಸೆಯುವುದಕ್ಕೆ ಬೇಡ. ಸುತ್ತಿ ತರುವ ಕೊನೆಯಲ್ಲಿ ಸ್ವಿವೆಲ್ ರಾಡಿನ ತುದಿಬಳೆಗೆ ಬಡಿಯುತ್ತದೆ, ಬಳೆಯೊಳಗಿನ ಪಿಂಗಾಣಿ ಉಂಗುರದಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಆಮೇಲೆ ಆ ಬಿರುಕೇ ದಿನವೂ ಬ್ರೇಡ್ ಕೊಯ್ಯುತ್ತದೆ, ನೀವು ಮತ್ತೆ ದಾರವನ್ನೇ ಬೈಯುತ್ತೀರಿ. ಅಲ್ಲಿಯವರೆಗೆ 60 ಸೆಂ.ಮೀ. ಲೀಡರ್, 8 ಮತ್ತು 4 ಸುತ್ತಿನ ಡಬಲ್ ಯೂನಿ ಸಾಕು. ತುದಿಬಳೆಯನ್ನು ಈಗಲೇ ಹತ್ತಿ ಉಂಡೆಯಿಂದ ಒರೆಸಿ ನೋಡಿ, ಎಳೆ ಸಿಕ್ಕಿಕೊಂಡರೆ ಬಳೆ ಬದಲಿಸಬೇಕು.