ಗೇಮ್‌ನಲ್ಲಿ ಹೂಕೋಸು ಒಣಗಿದ್ದಕ್ಕೆ ಮಗಳು ಅತ್ತಳು. ಇದರಿಂದ ಅವಳು ನಿಜವಾಗಲೂ ಏನಾದರೂ ಕಲಿತಳಾ?

ಶ್ರೀನಿವಾಸಪುರದವಳು:

ಎಲ್ಲರಿಗೂ ನಮಸ್ಕಾರ. ಮಗಳಿಗೆ 11 ವರ್ಷ. ಪರೀಕ್ಷೆ ಮುಗಿಯಿತು ಅಂತ ಲ್ಯಾಪ್‌ಟಾಪ್‌ಗೆ ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಗೇಮ್ ಹಾಕಿಕೊಟ್ಟೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ತಾತ ಬಿಟ್ಟುಹೋದ ಪಾಳುಬಿದ್ದ ಜಮೀನನ್ನು ಮತ್ತೆ ಸಾಗುವಳಿ ಮಾಡೋ ಆಟ ಇದು. ಅಮೆರಿಕದ ಎರಿಕ್ ಬರೋನ್ ಅನ್ನೋ ಹುಡುಗ ನಾಲ್ಕು ವರ್ಷಕ್ಕೂ ಜಾಸ್ತಿ ಒಬ್ಬನೇ ಕೂತು ಮಾಡಿ 2016ರಲ್ಲಿ ಬಿಟ್ಟದ್ದು. ಒಂದು ಸಲ ದುಡ್ಡು ಕೊಟ್ಟು ತಗೊಂಡರೆ ಮುಗೀತು, ಮಧ್ಯೆ ಮಧ್ಯೆ ಕೇಳೋದಿಲ್ಲ. ಅದಕ್ಕೇ ಒಪ್ಪಿದೆ.

ಅದರಲ್ಲಿ ಒಂದೊಂದು ಋತುವಿಗೂ 28 ದಿನ, ವಸಂತ ಮುಗಿದರೆ ಹೂಕೋಸು ಒಣಗಿಹೋಗುತ್ತೆ. ಇವಳು ವಸಂತದ 18ನೇ ದಿನ ಕೈಲಿದ್ದ ದುಡ್ಡೆಲ್ಲ ಸುರಿದು ಹೂಕೋಸಿನ ಬೀಜ ತಗೊಂಡಿದ್ದಾಳೆ. ಬೀಜ 80ಕ್ಕೆ, ಮಾರಿದರೆ 175, ಎರಡರಷ್ಟಕ್ಕಿಂತ ಜಾಸ್ತಿ ಬರುತ್ತೆ ಅಂತ ಲೆಕ್ಕ. ಆದರೆ ಹೂಕೋಸು ಬೆಳೆಯೋಕೆ 12 ದಿನ ಬೇಕು! ದಿನಾ ನೀರು ಹಾಕಿದಳು, ಪಾಪ. ಬೇಸಿಗೆಯ ಮೊದಲ ದಿನ ಬೆಳಿಗ್ಗೆ ಎದ್ದು ನೋಡಿದರೆ ಎಲ್ಲಾ ಒಣಗಿ ನಿಂತಿದೆ. ಅತ್ತೇಬಿಟ್ಟಳು. ನಾನು ನಕ್ಕೆ, ನಗಬಾರದಿತ್ತು.

ಮಾರನೇ ದಿನ ನೋಡಿದರೆ ಗಣಿತದ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಗೆರೆ ಹೊಡೆದು ಬೆಳೆ, ದಿನ, ಕೊನೇ ತಾರೀಖು ಅಂತ ಬರೆದಿಟ್ಟಿದ್ದಾಳೆ. ಹೂಕೋಸಿನ ಮುಂದೆ "16ರ ಒಳಗೆ" ಅಂತ ಎರಡು ಅಡಿಗೆರೆ. ಯಾರೂ ಹೇಳಿಕೊಟ್ಟದ್ದಲ್ಲ. ಮನೆಯವರಿಗೆ ತೋರಿಸಿದೆ. "ಗೇಮ್ ಅಂದ್ರೆ ಗೇಮೇ, ಸ್ಕೂಲ್ ಪ್ರಾಜೆಕ್ಟ್ ಮಾತ್ರ ಇವತ್ತಿಗೂ ಹಿಂದಿನ ರಾತ್ರೀನೇ ಮಾಡ್ತಾಳಲ್ಲ" ಅಂದರು. ಅದೂ ನಿಜವೇ. ಆಟದಲ್ಲಿ ಕಲಿತದ್ದು ಆಟದಾಚೆ ಬರುತ್ತಾ? ನಿಮ್ಮ ಮನೆಯಲ್ಲಿ ಏನಾಯಿತು ಹೇಳಿ.

ಪೀಣ್ಯ ಎರಡನೇ ಹಂತ:

ಬರುತ್ತೆ ಮೇಡಂ, ಕಣ್ಣಾರೆ ನೋಡಿದ್ದೇನೆ. ನನ್ನ ಮಗ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಆಡುತ್ತಾನೆ. ರಾಕೆಟ್ ಕಟ್ಟಿ ಹಾರಿಸೋ ಆಟ. ಮೊದಲ ಒಂದು ತಿಂಗಳು ಬರೀ ಸ್ಫೋಟದ ಸದ್ದು. 2023ರ ಜುಲೈ 14ಕ್ಕೆ ಚಂದ್ರಯಾನ-3 ಹಾರಿತಲ್ಲ, ಆಮೇಲೆ ಟೀವಿಯವರು ದಿನಾ ಕಕ್ಷೆ ಎತ್ತರಿಸಿದರು, ಕಕ್ಷೆ ಎತ್ತರಿಸಿದರು ಅಂತಿದ್ದರು. ನಮ್ಮಪ್ಪ ಕೇಳಿದರು, "ಚಂದ್ರ ಅಲ್ಲೇ ಕಾಣ್ತಾನೆ, ಇವರ್ಯಾಕೋ ಭೂಮೀನೇ ಸುತ್ತುತ್ತಿದ್ದಾರೆ?" ನಾನು ಬಿಇ ಓದಿದವನು, ತಡವರಿಸಿದೆ. ಅಷ್ಟರಲ್ಲಿ ಹುಡುಗ ಊಟದ ತಟ್ಟೆ ಅಂಚಲ್ಲಿ ಬೆರಳಾಡಿಸಿ ಹೇಳಿದ: "ತಾತ, ಭೂಮಿಗೆ ತೀರಾ ಹತ್ತಿರ ಬಂದಾಗ ಇಂಜಿನ್ ಉರಿಸಿದರೆ ಆ ಕಡೆಯ ತುದಿ ದೂರ ಹೋಗುತ್ತೆ. ಪ್ರತಿ ಸುತ್ತಿಗೂ ಇನ್ನಷ್ಟು ದೂರ. ಹೀಗೆ ಮಾಡಿದರೆ ಸಣ್ಣ ರಾಕೆಟ್ ಸಾಕು." ಅಮೆರಿಕದವರ ಅಪೊಲೊ ಮೂರೇ ದಿನದಲ್ಲಿ ಹೋಯಿತು ಅಂದರೆ ಅವರ ರಾಕೆಟ್ ಅಷ್ಟು ದೊಡ್ಡದಿತ್ತು ಅಂತಾನೂ ಸೇರಿಸಿದ. ಆ ಆಜ್ಞೆಗಳೆಲ್ಲ ಹೋಗುತ್ತಿದ್ದದ್ದು ನಮ್ಮ ಪೀಣ್ಯದಲ್ಲಿರೋ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಿಂದ. ನಾನು ದಿನಾ ಆ ಕಡೆ ಓಡಾಡೋನು, ಒಂದಿನಾನೂ ಯೋಚಿಸಿರಲಿಲ್ಲ.

ಭೌತಶಾಸ್ತ್ರದಲ್ಲಿ ಮಾರ್ಕ್ಸ್ ಜಾಸ್ತಿ ಬಂತಾ ಅಂತ ಕೇಳಬೇಡಿ. ಬಂದಿಲ್ಲ.

ಸೋದರಮಾವ:

ಎಲ್ಲರೂ ಒಳ್ಳೇ ಗೇಮ್‌ಗಳ ಕಥೆಯನ್ನೇ ಹೇಳ್ತೀರಿ. ನನ್ನ ಅಕ್ಕನ ಮಗನದ್ದು ಕೇಳಿ. ಫೋನಿನಲ್ಲಿ ಆಡೋ ಒಂದು ಶೂಟಿಂಗ್ ಗೇಮ್, ಹೆಸರು ಬೇಡ. ಆಡೋಕೆ ದುಡ್ಡಿಲ್ಲ, ಆದರೆ ಒಳಗೆ ಪೆಟ್ಟಿಗೆಗಳಿರುತ್ತವೆ. ದುಡ್ಡು ಕೊಟ್ಟು ತೆಗೆದರೆ ಬಂದೂಕಿಗೋ ಬಟ್ಟೆಗೋ ಒಂದು ಬಣ್ಣ ಸಿಗಬಹುದು, ಸಿಗದೆಯೂ ಇರಬಹುದು. ಅಕ್ಕನ ಯುಪಿಐ ಪಿನ್ ಅವನಿಗೆ ಗೊತ್ತಿತ್ತು. ಮೂರು ತಿಂಗಳಲ್ಲಿ 18 ಸಾವಿರ. ಸಿಕ್ಕಿಬಿದ್ದ ಮೇಲೆ ಅವನು ಹೇಳಿದ ಮಾತು ನನಗೆ ದುಡ್ಡಿಗಿಂತ ಜಾಸ್ತಿ ನೋವಾಯಿತು: "ಇನ್ನೊಂದೇ ಸಲ ತೆಗೆದಿದ್ರೆ ಬರ್ತಿತ್ತು ಮಾವ." ಇಸ್ಪೀಟ್ ಆಡಿ ಜಮೀನು ಕಳೆದುಕೊಂಡ ನಮ್ಮ ದೊಡ್ಡಪ್ಪನೂ ಇದನ್ನೇ ಹೇಳುತ್ತಿದ್ದರು.

ಪಾಠ ಅವನೂ ಕಲಿತ ನೋಡಿ, ಚೆನ್ನಾಗೇ ಕಲಿತ. ಆಟ ಯಾವುದನ್ನು ಕಲಿಸೋಕೆ ಕಟ್ಟಿದ್ದಾರೋ ಅದನ್ನೇ ಕಲಿಸುತ್ತೆ.

ಕೊನೆಗೆ ನಿಮ್ಹಾನ್ಸ್‌ಗೆ ಕರ್ಕೊಂಡು ಹೋದೆವು. ಅಲ್ಲಿ ಇದಕ್ಕೇ ಅಂತ 2014ರಿಂದ ಶಟ್ ಕ್ಲಿನಿಕ್ ಇದೆ, ಬೇಕಾದವರು ಸಂಕೋಚಪಡಬೇಡಿ. ಒಂದು ವಿಷಯ ಗೊತ್ತಿರಲಿ, ವಿಶ್ವ ಆರೋಗ್ಯ ಸಂಸ್ಥೆ ಗೇಮ್ ಚಟವನ್ನು ಕಾಯಿಲೆ ಅಂತ ಪಟ್ಟಿಗೆ ಸೇರಿಸಿದೆ, 2022ರಿಂದ ಅದು ಜಾರಿಯಲ್ಲಿದೆ. ಆದರೆ ಎಷ್ಟು ಗಂಟೆ ಆಡ್ತಾರೆ ಅನ್ನೋದು ಅಳತೆ ಅಲ್ಲ. ಹಿಡಿತ ತಪ್ಪಿದೆಯಾ, ಊಟ ನಿದ್ದೆ ಓದು ಎಲ್ಲಾ ಹಿಂದೆ ಬಿತ್ತಾ, ತೊಂದರೆ ಆಗುತ್ತಿದ್ದರೂ ನಿಲ್ಲಿಸೋಕೆ ಆಗ್ತಿಲ್ವಾ, ಸಾಮಾನ್ಯವಾಗಿ ಒಂದು ವರ್ಷವಾದರೂ ಹೀಗೇ ಇದೆಯಾ, ಅದನ್ನು ನೋಡುತ್ತಾರೆ. ಹೂಕೋಸಿಗೆ ಅತ್ತಳು ಅಂತ ಯಾರೂ ಹೆದರಬೇಕಿಲ್ಲ.

ಚೌಕಾಬಾರ ಅಜ್ಜಿ:

ನಮ್ಮ ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಾದರೂ ಕಡಿಯದೆ ಒಳಮನೆಗೆ ಹೋಗೋ ಹಾಗಿಲ್ಲ. ನಾನು ಐವತ್ತು ವರ್ಷದಿಂದ ಕಡಿಯುತ್ತಾ ಬಂದಿದ್ದೇನೆ, ಜಾಸ್ತಿ ಕಡಿದದ್ದು ನಮ್ಮ ನಾದಿನಿ ಕಾಯಿಗಳನ್ನೇ. ಇವತ್ತಿಗೂ ಒಟ್ಟಿಗೇ ಕೂತು ಕಾಫಿ ಕುಡಿಯುತ್ತೇವೆ. ನನಗೆ ಅನ್ನಿಸೋದು, ಎದುರಿಗೆ ಕೂತು ಸೋತವರ ಮುಖ ಕಾಣುತ್ತಲ್ಲ, ಅದು ಮುಖ್ಯ. ಮಗು ಜೊತೆ ನೀವೂ ಕೂತು ಆಡಿಮ್ಮ.

ಶ್ರೀನಿವಾಸಪುರದವಳು:

ಅಜ್ಜಿ, ಪ್ರಯತ್ನಪಟ್ಟೆ. ಮೀನು ಹಿಡಿಯೋಕೆ ಬರದೆ ಅವಳ ಕೈಲಿ ಬೈಸಿಕೊಂಡೆ.

ಇನ್ನೊಂದು ವಿಷಯ ನಿನ್ನೆ ಗೊತ್ತಾಯಿತು. ಈ ಗೇಮ್‌ನಲ್ಲಿ ರಾತ್ರಿ ಹೋಗಿ ಮಲಗಿದರೆ ಮಾತ್ರ ಆ ದಿನ ಸೇವ್ ಆಗುತ್ತೆ. ಹಾಗಾಗಿ ಏನಾದರೂ ಎಡವಟ್ಟಾದರೆ ಇವಳು ಮಲಗದೇ ಗೇಮ್ ಮುಚ್ಚಿಬಿಡುತ್ತಾಳೆ. ಮತ್ತೆ ತೆರೆದರೆ ಅದೇ ಬೆಳಿಗ್ಗೆ, ಏನೂ ಆಗೇ ಇಲ್ಲ! ಹೂಕೋಸು ಒಣಗಿದಾಗ ಈ ಉಪಾಯ ಗೊತ್ತಿರಲಿಲ್ಲವಂತೆ, ಗೊತ್ತಿದ್ದರೂ ಹತ್ತು ದಿನ ಹಿಂದಕ್ಕೆ ಹೋಗೋಕೆ ಆಗುತ್ತಿರಲಿಲ್ಲ ಬಿಡಿ. ಅಂದರೆ ಅವಳು ಕಲಿತದ್ದು ಆಟ ಅಳಿಸೋಕೆ ಬಿಡದ ತಪ್ಪಿನಿಂದ ಮಾತ್ರ ಅಲ್ವಾ?

ಮುಳಬಾಗಿಲು ಟೊಮೆಟೊ:

ಅಕ್ಕಾ, ನಿಮ್ಮ ಹೆಸರು ನೋಡಿ ಬರೆಯುತ್ತಿದ್ದೇನೆ, ನಾವು ಅಕ್ಕಪಕ್ಕದ ತಾಲ್ಲೂಕಿನವರು. ನಾನು ಟೊಮೆಟೊ ಬೆಳೆಯೋನು. ತಮ್ಮನ ಮಗ ಈ ಗೇಮ್ ಆಡುತ್ತಾನೆ, ಒಂದು ಭಾನುವಾರ ಪೂರ್ತಿ ಪಕ್ಕದಲ್ಲಿ ಕೂತು ನೋಡಿದೆ. ತಾರೀಖು ನೋಡಿ ನೆಡಬೇಕು, ಇದ್ದ ದುಡ್ಡೆಲ್ಲ ಒಂದೇ ಬೆಳೆಗೆ ಹಾಕಬಾರದು, ಇದೆಲ್ಲ ಸರಿಯಾಗೇ ಇದೆ. ನಮ್ಮಪ್ಪ ನನಗೆ ಬೈದು ಕಲಿಸಿದ್ದನ್ನು ಅದು ಬೈಯದೆ ಕಲಿಸುತ್ತೆ.

ಆದರೆ ಒಂದು ಸುಳ್ಳಿದೆ. ಅದರಲ್ಲಿ ಕೊಯ್ದದ್ದನ್ನು ಮನೆ ಪಕ್ಕದ ಪೆಟ್ಟಿಗೆಗೆ ಹಾಕಿ ಮಲಗಿದರೆ ಬೆಳಿಗ್ಗೆ ದುಡ್ಡು ಬಂದಿರುತ್ತೆ. ಹತ್ತು ಹೂಕೋಸು ಹಾಕಿದರೂ ಒಂದಕ್ಕೆ 175, ಸಾವಿರ ಹಾಕಿದರೂ ಒಂದಕ್ಕೆ 175. ಟೆಂಪೋ ಬಾಡಿಗೆ ಇಲ್ಲ, ಮಂಡಿ ಕಮಿಷನ್ ಇಲ್ಲ, ಕೊಯ್ಯೋ ಕೂಲಿ ಇಲ್ಲ, ಪಕ್ಕದ ಊರವರೆಲ್ಲ ಅದೇ ಬೆಳೆ ಹಾಕಿದ್ದಾರೆ ಅನ್ನೋ ಭಯ ಇಲ್ಲ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿತಲ್ಲ, ಆಗ ಕಾವಲು ಕಾಯೋಕೆ ತೋಟದಲ್ಲೇ ಮಲಗಿದವರು ನಾವು. ಆ ರೇಟು ನೋಡಿ ನಾನೂ ಎರಡು ಎಕರೆ ಜಾಸ್ತಿ ಹಾಕಿದೆ. ಎಲ್ಲರೂ ಹಾಕಿದ್ದರು. ನಮ್ಮ ಕಾಯಿ ಮಾರ್ಕೆಟ್‌ಗೆ ಹೋಗೋ ಹೊತ್ತಿಗೆ 15 ಕೆಜಿ ಬಾಕ್ಸಿಗೆ ಸಿಕ್ಕ ದುಡ್ಡಲ್ಲಿ ಡ್ರೈವರ್‌ಗೆ ಬಾಡಿಗೆ ಕೊಟ್ಟು ಟೀ ಕುಡಿದು ಬಂದೆ.

ನಿಮ್ಮ ಮಗಳ ತಪ್ಪು ಅವಳದ್ದೇ, ಲೆಕ್ಕ ತಪ್ಪಿದಳು, ತಿದ್ದಿಕೊಂಡಳು. ನಾನು ಏನು ತಪ್ಪು ಮಾಡಿದೆ? ಸಸಿ ಸರಿಯಾದ ದಿನವೇ ನೆಟ್ಟೆ, ಕಡ್ಡಿ ಊರಿದೆ, ಡ್ರಿಪ್ ಹಾಕಿದೆ, ಔಷಧಿ ಹೊಡೆದೆ. ಎಲ್ಲಾ ಸರಿ ಮಾಡಿಯೂ ಸೋಲಬಹುದು ಅನ್ನೋದನ್ನು ಆ ಗೇಮ್ ಹೇಳಲ್ಲ. ಅದನ್ನೂ ಹಾಕಿದರೆ ಯಾರೂ ಆಡಲ್ಲ ಅಂತಿಟ್ಟುಕೊಳ್ಳಿ, ನಾನೂ ಆಡಲ್ಲ.

ಕ್ಲಾಸ್ ಮುಗಿಸಿ ಬಂದವಳು:

ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತೇನೆ, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಎರಡು ಕಥೆ ಹೇಳುತ್ತೇನೆ.

ರೀ-ಮಿಷನ್ ಅಂತ ಒಂದು ಗೇಮ್, ಕ್ಯಾನ್ಸರ್ ಇರೋ ಹುಡುಗ ಹುಡುಗಿಯರಿಗೇ ಮಾಡಿದ್ದು. ಪುಟಾಣಿ ರೋಬೋ ದೇಹದೊಳಗೆ ಹೋಗಿ ಕ್ಯಾನ್ಸರ್ ಕಣಗಳಿಗೆ ಗುಂಡು ಹೊಡೆಯುತ್ತೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದ 34 ಆಸ್ಪತ್ರೆಗಳಲ್ಲಿ 13ರಿಂದ 29 ವರ್ಷದ 375 ಜನರ ಮೇಲೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಅದನ್ನು ಆಡಿದವರು ಉಳಿದವರಿಗಿಂತ ಮಾತ್ರೆಗಳನ್ನು ಹೆಚ್ಚು ಸರಿಯಾಗಿ ತಗೊಂಡರು. ಆ ವಯಸ್ಸಿನವರಿಗೆ ಮಾತ್ರೆ ನುಂಗಿಸೋದು ಎಷ್ಟು ಕಷ್ಟ ಅಂತ ಮನೆಯಲ್ಲಿ ಒಬ್ಬರಿದ್ದರೆ ಗೊತ್ತಿರುತ್ತೆ.

ಇನ್ನೊಂದು ಲ್ಯುಮಾಸಿಟಿ. ಮಿದುಳಿಗೆ ಕಸರತ್ತು, ಇದನ್ನಾಡಿದರೆ ಸ್ಕೂಲಲ್ಲೂ ಕೆಲಸದಲ್ಲೂ ಮುಂದೆ ಬರ್ತೀರಿ ಅಂತ ಜಾಹೀರಾತು ಕೊಡುತ್ತಿತ್ತು. ಅದಕ್ಕೆ ಆಧಾರ ಸಾಲದು ಅಂತ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗ ಹಿಡಿದು, 2016ರಲ್ಲಿ ಕಂಪನಿ 20 ಲಕ್ಷ ಡಾಲರ್ ಕಟ್ಟಬೇಕಾಯಿತು.

ವ್ಯತ್ಯಾಸ ಗಮನಿಸಿದ್ರಾ? ಮೊದಲನೆಯದರಲ್ಲಿ ಆಟದೊಳಗಿನ ವಿಷಯ, ಹೊರಗೆ ಮಾಡಬೇಕಾದ ಕೆಲಸ ಎರಡೂ ಒಂದೇ. ಎರಡನೆಯದು "ಬುದ್ಧಿ ಚುರುಕಾಗುತ್ತೆ" ಅನ್ನೋ ಥರದ್ದು. ತಾಳ್ಮೆ, ಯೋಜನೆ, ಶಿಸ್ತು ಇವನ್ನೆಲ್ಲ ಒಂದು ಕಡೆ ಕಲಿತು ಎಲ್ಲಾ ಕಡೆ ಬಳಸೋದು ದೊಡ್ಡವರಿಗೇ ಕಷ್ಟ. ನಾನು ಇಡೀ ದಿನ ಇದನ್ನೇ ಪಾಠ ಮಾಡಿ ಮನೆಯ ಕರೆಂಟ್ ಬಿಲ್ ಕೊನೇ ದಿನ ಕಟ್ಟುತ್ತೇನೆ. ಹಾಗಾಗಿ ಹೂಕೋಸಿನ ಪಟ್ಟಿ ತನ್ನಷ್ಟಕ್ಕೆ ಹೋಗಿ ಸ್ಕೂಲ್ ಪ್ರಾಜೆಕ್ಟ್ ಆಗಲ್ಲ. ಮುಂದಿನ ಪ್ರಾಜೆಕ್ಟ್ ಬಂದಾಗ ಆ ಪುಟ ತೆಗೆದು ಪಕ್ಕದಲ್ಲಿಟ್ಟು, "ಇದಕ್ಕೆ ಎಷ್ಟು ದಿನ ಬೇಕು, ಹಾಗಾದ್ರೆ ಕೊನೇ ತಾರೀಖು ಯಾವುದು?" ಅಂತ ಕೇಳಿ ನೋಡಿ. ಅಷ್ಟೇ ಕೇಳಿ, ಭಾಷಣ ಬೇಡ. ಪೀಣ್ಯದ ಹುಡುಗನಿಗೂ ಅವತ್ತು ತಾತ ಪ್ರಶ್ನೆ ಕೇಳದಿದ್ದರೆ, ಅವನಿಗೆ ಅದು ಗೊತ್ತಿದೆ ಅಂತ ಅವನಿಗೇ ಗೊತ್ತಾಗುತ್ತಿರಲಿಲ್ಲವೇನೋ.

ಶ್ರೀನಿವಾಸಪುರದವಳು:

ಎಲ್ಲರಿಗೂ ಥ್ಯಾಂಕ್ಸ್. ಮುಳಬಾಗಿಲಿನವರು ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡಳು. ಸಂಜೆ ಊರಿಗೆ ಫೋನ್ ಹಾಕಿಸಿಕೊಂಡು ನಮ್ಮಪ್ಪನ ಹತ್ತಿರ ಮಾತಾಡಿದಳು. ಅಪ್ಪನೂ ಟೊಮೆಟೊ ಹಾಕೋರೇ, ಇಷ್ಟು ವರ್ಷದಲ್ಲಿ ಇವಳು ಅದರ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ನೆಟ್ಟು ಎಷ್ಟು ದಿನಕ್ಕೆ ಕಾಯಿ ಬರುತ್ತೆ ತಾತ, ಒಂದು ಸಸಿಗೆ ಎಷ್ಟು, ಹೀಗೆ ಎಲ್ಲಾ ಕೇಳಿ ಅದೇ ಪಟ್ಟಿಯ ಕೆಳಗೆ ಬರೆದುಕೊಂಡಳು. ಕೊನೆಗೆ, "ರೇಟ್ ಬಿದ್ರೆ ಏನ್ ಮಾಡ್ತೀಯಾ?" ಅಂದಳು. "ಕೊಯ್ಯೋ ಕೂಲೀನೂ ಹುಟ್ಟಲ್ಲ ಅಂದ್ರೆ ತೋಟಕ್ಕೆ ದನ ಬಿಟ್ಬಿಡ್ತೀವಿ ಕಣವ್ವ" ಅಂದರು ಅಪ್ಪ, ಮಾಮೂಲಿ ದನಿಯಲ್ಲಿ.

ಫೋನ್ ಇಟ್ಟು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಊಟಕ್ಕೆ ಕೂತಾಗ ಕೇಳಿದಳು, "ಅಮ್ಮ, ಈ ಗೇಮ್‌ನಲ್ಲಿ ರೇಟ್ ಬೀಳೋ ಹಾಗೆ ಮಾಡೋ ಮಾಡ್ ಏನಾದ್ರೂ ಇದೆಯಾ?"

ಮಾಡ್ ಅಂದರೆ ಆಡೋರೇ ಮಾಡಿ ಗೇಮ್‌ಗೆ ಸೇರಿಸೋ ಬದಲಾವಣೆಯಂತೆ. ಇದೆಯಾ? ಲ್ಯಾಪ್‌ಟಾಪ್‌ಗೆ ಬೇಕು. ಗೊತ್ತಿದ್ದವರು ಹೇಗೆ ಹಾಕೋದು ಅಂತಾನೂ ಹೇಳಿ, ನನಗೆ ಇದೆಲ್ಲ ಬರಲ್ಲ.